ಕಾಶಮ್ಮ ಕಳಿಸಿದ ಹಾಡು

ಆ ಸೋಮವಾರ ಬೆಳಿಗ್ಗೆ ಜನ್ನಾಪುರದ ಮೇಲೆ ಮೋಡ ಬಂದು ನಿಂತಿತ್ತು; ಸುರಿಯುವ ಮನಸ್ಸು ಮಾತ್ರ ಅದಕ್ಕಿರಲಿಲ್ಲ. ಏಪ್ರಿಲ್ ಕೊನೆಯ ಸೆಕೆ. ತಂತಿಯ ಮೇಲೆ ಒಣಹಾಕಿದ ಬಟ್ಟೆ ಒಂದು ಚೂರೂ ಅಲ್ಲಾಡದೆ ನೇತಾಡುತ್ತಿತ್ತು. ಬಸವರಾಜೇಶ್ವರಿಯ ಟೈಲರಿಂಗ್ ಅಂಗಡಿಯಲ್ಲಿ ಕರೆಂಟು ಹೋಗಿ ಫ್ಯಾನು ನಿಂತು ಅರ್ಧ ಗಂಟೆಯಾಗಿತ್ತು. ಒಳಗಿದ್ದ ಮೂವರು ಹೆಂಗಸರಿಗೂ ಅದರ ಪರಿವೆ ಇರಲಿಲ್ಲ.

"ಬಂದೇ ಬಿಡ್ತು ಆಂಟಿ! ಮೂರು ಟಿಕೆಟ್!" ಎಂದು ಕವನ ಮೊಬೈಲನ್ನು ಆರತಿ ತಟ್ಟೆಯಂತೆ ಎತ್ತಿ ಹಿಡಿದಳು. ಪರೀಕ್ಷೆ ಮುಗಿಸಿ ರಜೆಯಲ್ಲಿದ್ದ ಹುಡುಗಿ, ಅಂಗಡಿಗೆ ಬಂದು ರವಿಕೆಗಳಿಗೆ ಹುಕ್ಕು ಹಾಕಿ ಕೊಡುತ್ತಿದ್ದಳು.

ವಿಷಯ ಇಷ್ಟೇ. ಬರುವ ಶನಿವಾರ ಶಿವಮೊಗ್ಗದ ನವುಲೆಯಲ್ಲಿ, ಬಯಲಿನಲ್ಲಿ, ಇದೇ ಮೊದಲ ಸಲ ಬೇಸಿಗೆಯ ಸಂಗೀತ ಹಬ್ಬ. ಸಂಜೆ ಐದಕ್ಕೆ 'ಹರಕು ಛತ್ರಿ' ಎಂಬ ಹುಡುಗರ ತಂಡದ ಹಾಡು. ಅದರ ಮುಖ್ಯ ಗಾಯಕ ಮಲ್ಲಿಕ್. ಮೊಬೈಲಿನಲ್ಲಿ ಅವನು ಧ್ವನಿ ಏರಿಸಿದ್ದು ಕೇಳಿ ಬಸವರಾಜೇಶ್ವರಿ ಕತ್ತರಿ ಹಿಡಿದ ಕೈ ಮರೆತು ಎರಡು ರವಿಕೆಗಳ ತೋಳು ಗಿಡ್ಡ ಮಾಡಿದ್ದುಂಟು. ಅವಳಿಗೆ ಐವತ್ತನಾಲ್ಕು.

"ಆ ಕೂದಲೊಂದು ಕತ್ತರಿಸಿಕೊಂಡ್ರೆ ಎಷ್ಟು ಲಕ್ಷಣವಾಗಿರ್ತಾನೆ ಹುಡುಗ," ಎಂದಳು.

"ಕತ್ತರಿ ತಗೊಂಡು ಬನ್ನಿ ಅಕ್ಕ, ಸ್ಟೇಜ್ ಮೇಲೇ ಕತ್ತರಿಸಿ ಬರೋಣ," ಎಂದಳು ತನುಜಾ, ಮಿಷನ್ನಿನಿಂದ ತಲೆ ಎತ್ತದೆ. ಹತ್ತು ವರ್ಷದಿಂದ ಆ ಅಂಗಡಿಯಲ್ಲಿ ಹೊಲಿಯುವವಳು ಅವಳು. ಮಿಷನ್ನು ತುಳಿಯುತ್ತ ಅವಳು ಗುನುಗುವ ಹಾಡು ಕೇಳಲೆಂದೇ ಕೆಲವರು ಅಳತೆ ಕೊಡುವ ನೆಪದಲ್ಲಿ ಬಂದು ಕೂರುತ್ತಿದ್ದರು.

"ನಗಬೇಡ ಮಾರಾಯ್ತಿ. ನಮ್ಮೆಜಮಾನ್ರಿಗೆ ಏನು ಹೇಳೋದು ಅಂತ ಮೊದ್ಲು ಯೋಚನೆ ಮಾಡು."

ಯಜಮಾನರು ಷಡಕ್ಷರಪ್ಪನವರು, ಬೀದಿಯ ಬಸವೇಶ್ವರ ಗುಡಿಯ ಸೋಮವಾರದ ಭಜನೆಗೆ ಅಧ್ಯಕ್ಷರು. ತಾಳಕ್ಕೆ ತಲೆದೂಗಬಹುದು, ಕುತ್ತಿಗೆಯಿಂದ ಕೆಳಗೆ ಏನೂ ಅಲ್ಲಾಡಬಾರದು ಎಂಬುದು ಅವರ ಸಿದ್ಧಾಂತ. ಅವರನ್ನು ನೆನೆದದ್ದೇ ತಡ, ಮನೆಯ ಕೀಲಿಕೈ ಕೇಳಲು ಬಂದವರು, ಅರ್ಧ ಮಾತು ಕಿವಿಗೆ ಬಿದ್ದು, ಬಾಗಿಲಲ್ಲೇ ನಿಂತಿದ್ದರು.

"ಶನಿವಾರ ಮೂವರೂ ಹೊರಟ ಹಾಗಿದೆ. ಎಲ್ಲಿಗೆ?"

ಬಸವರಾಜೇಶ್ವರಿಯ ಬಾಯಲ್ಲಿ ಗುಂಡುಪಿನ್ನಿತ್ತು. ಅದನ್ನು ತೆಗೆಯುವಷ್ಟು ಹೊತ್ತಿನಲ್ಲಿ ಒಳ್ಳೆಯ ಸುಳ್ಳೊಂದು ಹೊಳೆಯಬೇಕಿತ್ತು. ಹೊಳೆಯಿತು.

"ಕೋಡಿಯಮ್ಮನ ಗುಡಿಗೆ ರೀ."

ಶಂಕರಘಟ್ಟದಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದರೆ, ಹಳೆಯ ಕೆರೆಯ ಕೋಡಿಯ ಪಕ್ಕ ಆ ತಾಯಿ ಕೂತಿದ್ದಾಳೆ. ಸಣ್ಣ ಗುಡಿ. ಶಿವಮೊಗ್ಗ ಒಂದು ದಿಕ್ಕಾದರೆ ಅವಳದು ಪೂರಾ ಎದುರು ದಿಕ್ಕು. ಷಡಕ್ಷರಪ್ಪನವರ ಮುಖ ಅರಳಿತು. "ಮದುವೆಯಾಗಿ ಮೂವತ್ತೆರಡು ವರ್ಷಕ್ಕೆ ನೀನಾಗಿ ಗುಡಿ ಹೆಸರು ಎತ್ತಿದ್ಯಲ್ಲ!" ಎಂದು ಕೀಲಿಕೈ ಮರೆತೇ ಹೋದರು. ಸಂಜೆಯ ಭಜನೆಯಲ್ಲಿ ಇಡೀ ಬೀದಿಗೆ ಸುದ್ದಿ ಮುಟ್ಟಿಸಿದರು.

ದೇವರ ಹೆಸರು ಹೇಳಿ ಹೊರಟವರ ಕೈಯಲ್ಲಿ, ಹೋಗಲಾರದವರು ತಮ್ಮ ಹರಕೆ ಕಳಿಸುವುದು ನಮ್ಮ ಕಡೆ ನಡೆದುಬಂದ ಪದ್ಧತಿ. ಬೇಡ ಅನ್ನುವ ಹಾಗಿಲ್ಲ. ಮಂಗಳವಾರ ಮೂರು ತೆಂಗಿನಕಾಯಿ ಬಂದವು. ಬುಧವಾರ ಒಂದು ಡಜನ್ ಹಸಿರು ಬಳೆ, ನಿಂಬೆಹಣ್ಣು. ಗುರುವಾರ ಅದೇ ಬೀದಿಯ ಪುಟ್ಟಯ್ಯ ಒಂದು ಹಿತ್ತಾಳೆ ಗಂಟೆಯನ್ನೇ ತಂದಿಟ್ಟು, "ಕಳೆದುಹೋಗಿದ್ದ ಎಮ್ಮೆ ಸಿಕ್ಕಿದ್ದಕ್ಕೆ" ಎಂದು ಕೈಮುಗಿದು ಹೋದ. ಕತ್ತರಿಸುವ ಮೇಜಿನ ಕೆಳಗೆ ಒಂದು ಗೋಣಿಚೀಲ ದಿನದಿನಕ್ಕೆ ಬಸುರಿಯಂತೆ ತುಂಬಿಕೊಂಡಿತು.

"ಆಂಟಿ, ಇದನ್ನೆಲ್ಲ ಹೊತ್ಕೊಂಡು ಮಲ್ಲಿಕ್ ಮುಂದೆ ಹೋಗಿ ನಿಂತ್ರೆ, ಅವನು ನಮಗೆ ಅರ್ಚನೆ ಮಾಡಿ ಕಳಿಸ್ತಾನೆ," ಎಂದು ಕವನ ನಕ್ಕಳು.

"ಅಮ್ಮ ಎಲ್ಲ ಕಡೆ ಇರ್ತಾಳೆ, ನವುಲೆಯಲ್ಲೂ ಇರ್ತಾಳೆ. ಬಾಯಿ ಮುಚ್ಕೊಂಡು ಹುಕ್ಕು ಹಾಕು," ಎಂದಳು ಬಸವರಾಜೇಶ್ವರಿ. ಆದರೆ ಚೀಲಕ್ಕೆ ಕಾಲು ತಗುಲಿದಾಗ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಗುರುವಾರ ಸಂಜೆ ತನುಜಾ ಮನೆಗೆ ಹೋದಾಗ ಜಗುಲಿಯ ಮೇಲೆ ಕಾಶಮ್ಮ ಕಾಯುತ್ತಿದ್ದಳು. ಒಂದೇ ಗೋಡೆಯ ಪಕ್ಕದ ಮನೆ, ಎಂಬತ್ತು ದಾಟಿದ ಮುದುಕಿ. ಕೈ ಖಾಲಿಯಿತ್ತು.

"ಕೂತ್ಕೋ ಮಗಾ. ನಂದೂ ಒಂದು ಹರಕೆ ಇದೆ. ಚೀಲಕ್ಕೆ ಹಾಕೋವಂಥದ್ದಲ್ಲ."

ಹನ್ನೊಂದು ವರ್ಷದ ಹಿಂದೆ ಅವಳ ಮಗ ಬೈಕಿನಿಂದ ಬಿದ್ದು ಒಂಬತ್ತು ದಿನ ಕಣ್ಣು ಬಿಡದೆ ಮಲಗಿದ್ದ. ಅವನು ಕಣ್ಣು ಬಿಟ್ಟರೆ ನಿನ್ನ ಮುಂದೆ ಕೂತು ಏಳು ನುಡಿ ಹಾಡುತ್ತೇನೆ ಎಂದು ಕಾಶಮ್ಮ ಕೋಡಿಯಮ್ಮನಿಗೆ ಹೇಳಿಕೊಂಡಿದ್ದಳು. ಹತ್ತನೆಯ ದಿನ ಅವನು ಕಣ್ಣು ಬಿಟ್ಟ, ನೀರು ಕೇಳಿದ. ಹಾಡು ಅವಳೇ ಕಟ್ಟಿದ್ದು. ಇವತ್ತು ನಾಳೆ ಎನ್ನುವುದರೊಳಗೆ ಮಂಡಿ ಹೋಯಿತು, ಆಮೇಲೆ ಗಂಟಲು ಹೋಯಿತು. ಈಗ ಅವಳ ದನಿ ಒಣ ತೆಂಗಿನಗರಿ ಎಳೆದ ಹಾಗೆ.

"ಕಾಯಿ ಆಗಿದ್ರೆ ಯಾರ ಕೈಲಾದ್ರೂ ಕಳಿಸ್ತಿದ್ದೆ. ಹಾಡು ಕಳಿಸೋಕೆ ಹಾಡೋ ಬಾಯಿ ಬೇಕಲ್ಲ. ನಿಂಗೆ ಕಂಠ ಇದೆ. ನನ್ನ ಸಾಲ ತೀರಿಸಿ ಬಾ ತಾಯಿ. ರಾತ್ರಿ ಮಲಗಿದ್ರೆ ಅವಳೇ ಬಂದು ಕೇಳಿದ ಹಾಗಾಗುತ್ತೆ, ಎಲ್ಲೇ ಕಾಶೀ, ನನ್ನ ಹಾಡು? ಅಂತ. ಅದು ಮುಟ್ಟದೆ ನಾನು ಕಣ್ಣು ಮುಚ್ಚೋದು ಹೆಂಗೆ?"

ತನುಜಾಳಿಗೆ ನಿಜ ಹೇಳುವ ಮನಸ್ಸಾಯಿತು. ಅಷ್ಟರಲ್ಲಿ ಮುದುಕಿ ಮೊದಲ ನುಡಿ ಶುರುಮಾಡಿದ್ದಳು:

ಒಂಬತ್ತು ದಿನವು ಕದ ಬಡಿದೆ ನಮ್ಮಮ್ಮ
ತುಂಬಿದ ಮನೆಯು ತುಂಬಿರಲೆಂದು, ಹತ್ತಕ್ಕೆ
ಕಂಬನಿ ಒರೆಸಿ ನಗಿಸೀದೆ.

ಶುಕ್ರವಾರವಿಡೀ ತನುಜಾ ಮಿಷನ್ನು ತುಳಿಯುತ್ತ ಆ ಏಳು ನುಡಿ ಕಲಿತಳು. ಮಲ್ಲಿಕ್‌ನ ಹಾಡು ಹಾಕಲು ಕವನ ಎರಡು ಸಲ ಮೊಬೈಲ್ ತೆಗೆದು ಹಾಗೇ ಕೆಳಗಿಟ್ಟಳು.

"ಹೋಗೋದೇ ಇಲ್ಲ ಅಂದ್ಮೇಲೆ ಕಲಿಯೋದ್ಯಾಕೆ?" ಎಂದಳು ಬಸವರಾಜೇಶ್ವರಿ, ಸೀಮೆಸುಣ್ಣದ ಗೆರೆ ಎಳೆಯುತ್ತ.

"ಇನ್ನೊಂದು ವಾರ ಹೋಗಿ ಹಾಡಿ ಬರ್ತೀನಿ ಅಕ್ಕ."

"ಹೂಂ. ಅಮ್ಮ ಹನ್ನೊಂದು ವರ್ಷ ಕಾದಿದ್ದಾಳೆ, ಇನ್ನೊಂದು ವಾರ ಕಾಯಲ್ವಾ?" ಎಂದಳು ಅಕ್ಕ. ಅಂದು ಅವಳು ಹಾಕಿದ ಗೆರೆ ಎಲ್ಲ ಸೊಟ್ಟಗಿದ್ದವು.

ಶನಿವಾರ ಬೆಳಿಗ್ಗೆ ಬೀದಿಗೆ ಬೀದಿಯೇ ಬಸ್ ಸ್ಟಾಪಿಗೆ ಬಂತು. ಷಡಕ್ಷರಪ್ಪನವರು ತಾವೇ ಚೀಲ ಎತ್ತಿ ಶಂಕರಘಟ್ಟದ ಬಸ್ಸಿಗೆ ಹಾಕಿ, ಕಂಡಕ್ಟರ್ ಜಯಕುಮಾರನ ಭುಜ ತಟ್ಟಿದರು. "ಕೋಡಿಯಮ್ಮನ ದಾರಿ ಹತ್ರಾನೇ ಇಳಿಸಬೇಕು ಕಣಪ್ಪ. ಮೊದಲೆಲ್ಲೂ ಬಿಡಬೇಡ." ಮೂವರೂ ಕಿಟಕಿಯಿಂದ ಕೈ ಬೀಸಿದರು.

ಎರಡು ಸ್ಟಾಪ್ ದಾಟಿದ ಮೇಲೆ ಬಸವರಾಜೇಶ್ವರಿ ಎದ್ದು ನಿಂತಳು. "ಇಲ್ಲೇ ಇಳಿಸಪ್ಪ."

"ಇದಲ್ಲ ಅಕ್ಕ, ಇನ್ನೂ ಬಹಳ ದೂರ ಇದೆ. ಯಜಮಾನ್ರಿಗೆ ಮಾತು ಕೊಟ್ಟಿದೀನಿ. ಕೂತ್ಕೊಳಿ."

"ಹೊಟ್ಟೆ ತೊಳೆಸ್ತಿದೆ ಕಣೋ."

"ಚೀಲದ ತುಂಬ ನಿಂಬೆಹಣ್ಣಿದೆಯಲ್ಲ, ಒಂದು ಮೂಸಿ."

"ಅಯ್ಯೋ ಪಾಪಿ! ಅಮ್ಮನ ಹಣ್ಣು ಮೂಸ್ತಾರಾ?" ಎಂದು ಅವಳು ಕಿರುಚಿದ ಭಕ್ತಿಗೆ ಇಡೀ ಬಸ್ಸು ಬೆಚ್ಚಿತು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಎರಡು ಸಲ ಓಕರಿಸಿದಳು. ಹೊಸದಾಗಿ ತೊಳೆದ ಬಸ್ಸು. ಜಯಕುಮಾರ ತಡಮಾಡದೆ ಸೀಟಿ ಊದಿದ.

ರಸ್ತೆ ದಾಟಿ ಎದುರು ಬಸ್ಸು ಹಿಡಿದು ಮೂವರೂ ನಗು ತಡೆಯಲಾರದೆ ಒಬ್ಬರ ಮೇಲೊಬ್ಬರು ಬಿದ್ದರು. ಹಿಂದಿನ ಕಿಟಕಿಯಲ್ಲಿ ಶಂಕರಘಟ್ಟದ ರಸ್ತೆ ಸಣ್ಣದಾಗುತ್ತಿತ್ತು. ತನುಜಾ ಅದನ್ನೊಮ್ಮೆ ನೋಡಿ ಮುಂದಕ್ಕೆ ತಿರುಗಿದಳು.

ನವುಲೆಯಲ್ಲಿ ಗೇಟಿನ ಸೆಕ್ಯೂರಿಟಿಯವನು ಚೀಲ ಬಿಚ್ಚಿ ದಂಗಾದ. "ತೆಂಗಿನಕಾಯಿ ಒಳಗೆ ಬಿಡಲ್ಲ ಮೇಡಂ. ಯಾರಾದ್ರೂ ಎಸೆದ್ರೆ ಹಾಡೋರ ತಲೆ ಒಡೆದುಹೋಗುತ್ತೆ."

"ನಾವು ಎಸೆಯೋರ ಥರ ಕಾಣ್ತೀವೇನಪ್ಪಾ?"

"ಗಂಟೆ ಬೇರೆ ಇದೆ."

"ಅದು ಎಮ್ಮೆದು."

ಅವನು ಇನ್ನೇನೂ ಕೇಳಲಿಲ್ಲ. ಅಮ್ಮನ ಸಾಮಾನು ಎಂದು ತಿಳಿದ ಮೇಲೆ ಚೀಲವನ್ನು ತನ್ನ ಕುರ್ಚಿಯ ಮೇಲಿಟ್ಟು, ತಾನು ಚಪ್ಪಲಿ ಬಿಚ್ಚಿ ನಿಂತುಕೊಂಡ. ಮೂವರ ಮಣಿಕಟ್ಟಿಗೂ ಹಳದಿ ಪಟ್ಟಿ ಕಟ್ಟಿ ಒಳಗೆ ಬಿಟ್ಟ.

ಮಲ್ಲಿಕ್ ಚೆನ್ನಾಗಿಯೇ ಹಾಡಿದ. ಬಿಸಿಲು ಇಳಿಯುವ ಹೊತ್ತಿಗೆ ಬಯಲೆಲ್ಲ ಎದ್ದು ನಿಂತಿತ್ತು. ಬಸವರಾಜೇಶ್ವರಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುತ್ತಿಗೆಯಿಂದ ಕೆಳಗೂ ಅಲ್ಲಾಡಿದಳು. ತನುಜಾಳೂ ಕುಣಿದಳು, ಅದರಲ್ಲಿ ಸುಳ್ಳೇನಿಲ್ಲ. ಆದರೆ ಹಾಡು ಹಾಡಿನ ನಡುವೆ ಸದ್ದು ನಿಂತಾಗಲೆಲ್ಲ ಅವಳ ನಾಲಗೆಯ ಮೇಲೆ ಬರುತ್ತಿದ್ದದ್ದು ಬೇರೆಯೇ ನುಡಿ. ತಲುಪಬೇಕಾದ ಕಡೆ ತಲುಪದ ಹಾಡು ಬಾಯೊಳಗೆ ಕಲ್ಲುಸಕ್ಕರೆಯಂತೆ ಕೂತಿತ್ತು, ಕರಗದೆ.

ರಾತ್ರಿ ಊರಿಗೆ ಮರಳುವಾಗ ಪೇಟೆಯಲ್ಲಿ ಕುಂಕುಮ, ಮಂಡಕ್ಕಿ ಕೊಂಡರು. ಪ್ರಸಾದ ಬೇಕಲ್ಲ. ಚೀಲವನ್ನು ಬಸವರಾಜೇಶ್ವರಿ ಯಾರ ಕಣ್ಣಿಗೂ ಬೀಳದ ಹಾಗೆ ಅಂಗಡಿಯೊಳಗೆ ಸೇರಿಸಿ ಬೀಗ ಹಾಕಿದಳು.

ಕಾಶಮ್ಮ ಜಗುಲಿಯಲ್ಲೇ ಇದ್ದಳು. ಪೇಟೆಯ ಕುಂಕುಮವನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಹಣೆಗಿಟ್ಟುಕೊಂಡಳು. ತನುಜಾಳ ಕೈ ಹಿಡಿದವಳ ಬೆರಳಿಗೆ ಹಳದಿ ಪಟ್ಟಿ ಸಿಕ್ಕಿತು. "ಕಂಕಣಾನೂ ಕಟ್ಟಿದ್ರಾ?"

"ಹೂಂ ಅಜ್ಜಿ. ಬಾಗಿಲಲ್ಲೇ ಕಟ್ಟಿದ್ರು."

"ಏಳೂ ನುಡಿ ಹಾಡಿದ್ಯಾ? ಅಮ್ಮ ಏನಂದ್ಲು?"

"ನಕ್ಕಳು ಅಜ್ಜಿ."

ಕಾಶಮ್ಮ ಅವಳ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಆಮೇಲೆ, "ಇವತ್ತು ನಿದ್ದೆ ಬರುತ್ತೆ," ಎಂದು ಗೋಡೆ ಹಿಡಿದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಅವಳ ಗೊರಕೆ ಕೇಳಿಸಿತು. ನಿದ್ದೆ ಬಾರದೆ ಹೊರಳಿದವಳು ತನುಜಾ.

ಭಾನುವಾರ ಮೊದಲ ಬಸ್ಸಿಗೆ ಹೋಗಬೇಕೆಂದುಕೊಂಡವಳಿಗೆ ಎರಡನೆಯದು ಸಿಕ್ಕಿತು. ಶಂಕರಘಟ್ಟದಲ್ಲಿ ಇಳಿದು ಒಬ್ಬಳೇ ನಡೆದಳು. ಕೆರೆಯ ಏರಿ ಹತ್ತುವಾಗ ಗುಡಿಯ ಕಡೆಯಿಂದ ಒಂದು ದನಿ ಕೇಳಿಸಿತು. ಎತ್ತರಕ್ಕೆ ಹೋಗಬೇಕಾದಲ್ಲಿ ತಗ್ಗಿಗಿಳಿದು, ತಾಳ ಸಿಕ್ಕಿದಂತೆ ಮಾಡಿ ತಪ್ಪಿಸಿಕೊಳ್ಳುವ ದನಿ. ಆದರೂ ಬಿಡದೆ ಹಾಡುತ್ತಿತ್ತು.

"ಒಂಬತ್ತು ದಿನವು ಕದ ಬಡಿದೆ..."

ತನುಜಾ ಓಡಿದಳು. ಗುಡಿಯ ಮೆಟ್ಟಿಲ ಮೇಲೆ ಗೋಣಿಚೀಲ ಬರಿದಾಗಿ ಮಡಿಸಿಟ್ಟಿತ್ತು. ಅಮ್ಮನ ಮುಂದೆ ಕಾಯಿ, ಬಳೆ, ಎಮ್ಮೆಯ ಗಂಟೆ ಎಲ್ಲ ಸಾಲಾಗಿ ಕೂತಿದ್ದವು. ಅವುಗಳ ಪಕ್ಕ ಬಸವರಾಜೇಶ್ವರಿ, ಕಣ್ಣು ಮುಚ್ಚಿ, ಬೆವರಿ ತೊಪ್ಪೆಯಾಗಿ.

"ಅಕ್ಕಾ!"

ಬಸವರಾಜೇಶ್ವರಿ ಒಂದು ಕಣ್ಣು ಮಾತ್ರ ತೆಗೆದಳು. "ನೀನ್ಯಾಕೆ ಬಂದೆ?"

"ನೀವ್ಯಾಕೆ ಬಂದ್ರಿ? ಮನೇಲಿ ಏನು ಹೇಳಿದ್ರಿ?"

"ಲೈನಿಂಗ್ ಬಟ್ಟೆ ತರೋಕೆ ಶಿವಮೊಗ್ಗಕ್ಕೆ ಹೋಗ್ತೀನಿ ಅಂದೆ."

"ಇವತ್ತು ಭಾನುವಾರ, ಬಟ್ಟೆ ಅಂಗಡಿ ಎಲ್ಲಿ ತೆಗೆದಿರುತ್ತೆ?"

"ಅವರಿಗೆ ಅದು ಹೊಳೀಲಿಲ್ಲ ಕಣೇ. ಈಗ ಹೊಳೆದಿರುತ್ತೆ." ಅವಳ ಮುಖ ಸಣ್ಣದಾಯಿತು. "ಶುಕ್ರವಾರವಿಡೀ ನೀನು ಹಾಡಿ ಹಾಡಿ ನಂಗೆ ಬಾಯಿಪಾಠವಾಗಿತ್ತು. ಸುಳ್ಳು ಶುರು ಮಾಡಿದವಳು ನಾನು, ನಾನೇ ತೀರಿಸೋಣ ಅಂತ ಬಂದೆ. ಮೂರು ಸಲ ಹಾಡ್ದೆ ಮಾರಾಯ್ತಿ. ಆರು ನುಡಿ ಹೆಂಗೋ ಬರುತ್ತೆ. ಏಳನೇದಕ್ಕೆ ಬಂದ್ರೆ ಮಲ್ಲಿಕ್‌ದೇ ಬಾಯಿಗೆ ಬರುತ್ತೆ. ಅಮ್ಮನೂ ಸಾಕಾಗಿ ಕೂತಿದ್ದಾಳೆ ನೋಡು."

ಅರಿಸಿನ ಮೆತ್ತಿದ ಮುಖದಲ್ಲಿ ಎರಡು ಬೆಳ್ಳಿ ಕಣ್ಣು ಇಬ್ಬರನ್ನೂ ಒಂದೇ ಸಮ ನೋಡುತ್ತಿದ್ದವು. ಪೂಜಾರಿ ಹೊರಗೆ ಬೇವಿನ ಕೆಳಗೆ ಮಲಗಿದ್ದ. ಕೆರೆಯ ನೀರಿನ ಮೇಲೆ ಗಾಳಿ ಬಂದು ಹೋಯಿತು.

ತನುಜಾ ಕಾಲು ಮಡಿಸಿ ಅಕ್ಕನ ಪಕ್ಕ ಕೂತಳು. ಬಾಯಾರಿತ್ತು, ಆದರೂ ನೀರು ಕುಡಿಯಲಿಲ್ಲ. ಮಿಷನ್ನಿನ ಸದ್ದಿಲ್ಲದೆ, ಕೇಳುವ ಬೀದಿಯಿಲ್ಲದೆ, ಮೊದಲ ನುಡಿಯಿಂದ ಶುರುಮಾಡಿದಳು. ಅವಸರ ಮಾಡಲಿಲ್ಲ. ಮುದುಕಿ ಉಸಿರು ತೆಗೆದುಕೊಳ್ಳುತ್ತಿದ್ದ ಕಡೆಯೇ ತಾನೂ ನಿಂತು ಉಸಿರು ತೆಗೆದುಕೊಂಡಳು. ಬಸವರಾಜೇಶ್ವರಿ ತುಟಿ ಬಿಗಿಹಿಡಿದು, ತಲೆಯನ್ನು ಮಾತ್ರ ತೂಗಿದಳು. ಏಳನೆಯದಕ್ಕೆ ಬಂದಾಗ ತನುಜಾಳ ದನಿ ಇನ್ನಷ್ಟು ಇಳಿಯಿತು, ಪಕ್ಕದಲ್ಲಿ ಕೂತವಳಿಗೂ ಕೇಳಿತೋ ಇಲ್ಲವೋ ಎನ್ನುವಷ್ಟು:

ತಡವಾಗಿ ಬಂದೆ ಗದರಬೇಡ ನಮ್ಮಮ್ಮ
ಬಡಕಲ ಕಾಲು ನಡೆದಾವ, ನಿನ್ನ ಕಡೆ
ಅಡಿಗೊಂದು ಸಲ ಕುಂತಾವ.

"ಇದು ಕಾಶಮ್ಮಂದು ತಾಯಿ," ಎಂದು ಹೇಳಿ, ಬರಿಗೈಯನ್ನು ಅಮ್ಮನ ಪಾದದ ಮೇಲಿಟ್ಟು ತೆಗೆದಳು.