ಬಚ್ಚಿಟ್ಟ ಅಂಕಗಳು

ಏಣಿ, ಬೆಣ್ಣೆ, ಗರಗಸ, ದಿಂಬು. ಅಲ್ಲಿಂದ ಮುಂದೆ ಏನೂ ಇರಲಿಲ್ಲ.

‘ನಿಧಾನ. ಅವಸರವೇನಿಲ್ಲ,’ ಎಂದರು ಡಾಕ್ಟರ್ ಲೀಬ್ಷರ್. ಆಕೆಯ ಪೆನ್ನು ಕಾಗದದಿಂದ ಅರ್ಧ ಇಂಚು ಮೇಲೆ ಕಾಯುತ್ತಿತ್ತು.

‘ಸೇತುವೆ,’ ಎಂದ ಫಾಲ್ಕೊ. ತುಸು ತಡೆದು, ‘ಉಪ್ಪು.’

‘ಇನ್ನೇನಾದ್ರೂ?’

ಆಕೆ ಓದಿ ಹೇಳಿದ್ದು ಹತ್ತು ಪದ. ಅವನು ವಾಪಸು ಕೊಟ್ಟದ್ದು ಆರು. ಉಳಿದ ನಾಲ್ಕು ಈ ಕೋಣೆಯಲ್ಲೇ, ಮೇಜಿಗೂ ಅವನ ಕಿವಿಗೂ ನಡುವೆ ಎಲ್ಲೋ ಬಿದ್ದುಹೋಗಿದ್ದವು. ‘ಇಲ್ಲ, ಅಷ್ಟೇ,’ ಎಂದ.

ಮಂಗಳವಾರದ ಅಭ್ಯಾಸದಲ್ಲಿ ಹದಿಮೂರನೆಯ ತಿರುವಿನಲ್ಲಿ ಅವರ ಬಾಬ್, ನಾಲ್ವರು ಕೂರುವ ಜಾರುಬಂಡಿ, ಮಗುಚಿತ್ತು. ಮಂಜುಗಡ್ಡೆಯ ಕಾಲುವೆಯ ಕೊನೆಯವರೆಗೆ ನಾಲ್ವರೂ ತಲೆಕೆಳಗಾಗಿ ಜಾರಿದ್ದರು. ಕೆಳಗೆ ಬಂದು ನಿಂತಾಗ ಮೂವರು ಎದ್ದು ಮೈ ಕೊಡವಿಕೊಂಡರು. ಫಾಲ್ಕೊನೂ ಎದ್ದ, ಆದರೆ ಎಲ್ಲರೂ ಒಂದು ಕಡೆ ನಡೆದರೆ ಅವನು ಇನ್ನೊಂದು ಕಡೆ ನಡೆದ. ಅದಕ್ಕೇ ಈ ಪರೀಕ್ಷೆ.

ಶನಿವಾರ ಇದೇ ಆಲ್ಟೆನ್‌ಬೆರ್ಗ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್. ಡಾಕ್ಟರು ಸಹಿ ಹಾಕಿದರೆ ಹಿಂದಿನ ಸೀಟಿನಲ್ಲಿ ಫಾಲ್ಕೊ. ಹಾಕದಿದ್ದರೆ, ಕಿಟಕಿಯಾಚೆ ಈಗಾಗಲೇ ಮೊಣಕಾಲು ಎತ್ತೆತ್ತಿ ಓಡಿ ಮೈ ಬಿಸಿ ಮಾಡಿಕೊಳ್ಳುತ್ತಿರುವ ಮಾಲ್ಟೆ. ಮಾಲ್ಟೆಗೆ ಇಪ್ಪತ್ನಾಲ್ಕು. ಫಾಲ್ಕೊಗೆ ಮೂವತ್ತಮೂರು, ಒಂಬತ್ತು ವರ್ಷದ ಸೇವೆ, ಒಂದೂ ಪದಕವಿಲ್ಲ. ಮುಂದಿನ ಚಳಿಗಾಲದಲ್ಲಿ ಅವನನ್ನು ಯಾರೂ ಕರೆಯುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಹೇಳುವಷ್ಟು ಕೆಟ್ಟವರು ಯಾರೂ ಇರಲಿಲ್ಲ.

ಸಹಿಗೆ ಒಂದು ನಿಯಮ. ಅಕ್ಟೋಬರಿನಲ್ಲಿ, ಯಾರ ತಲೆಗೂ ಏನೂ ತಗುಲದಿರುವಾಗ, ಎಲ್ಲರೂ ಇದೇ ಪರೀಕ್ಷೆ ಬರೆಯಬೇಕು. ಐವತ್ತಕ್ಕೆ ಎಷ್ಟು ಬಂತೋ ಅದು ಅವರವರ ಅಳತೆ. ಪೆಟ್ಟು ಬಿದ್ದ ಮೇಲೆ ಮತ್ತೊಮ್ಮೆ. ಅಂಕ ಇಳಿದಿದ್ದರೆ ಮನೆಗೆ. ಹಾಗಾಗಿ ತಂಡದ ಹಿರಿಯರು ಹೊಸಬರಿಗೆ ಬಾಬ್ ತಳ್ಳುವುದನ್ನು ಹೇಳಿಕೊಡುವ ಮೊದಲೇ ಇದನ್ನು ಹೇಳಿಕೊಡುತ್ತಿದ್ದರು: ಅಕ್ಟೋಬರಿನಲ್ಲಿ ಪೆದ್ದನಾಗಿರು.

ಫಾಲ್ಕೊ ಇದರಲ್ಲಿ ಎತ್ತಿದ ಕೈ. ಡ್ರೆಸ್ಡನ್ನಿನಲ್ಲಿ ಮೂರು ವರ್ಷ ಗಣಿತ ಓದಿದವನು. ಉಳಿದವರು ಬಾಯಿಗೆ ಬಂದ ತಪ್ಪು ಹೇಳಿ ಸಿಕ್ಕಿಬೀಳುತ್ತಿದ್ದರು. ಕಳೆದ ಅಕ್ಟೋಬರಿನಲ್ಲಿ ಇವನು ತಪ್ಪುಗಳನ್ನು ಹದವಾಗಿ ಹಂಚಿದ. ಹತ್ತರಲ್ಲಿ ನಾಲ್ಕು ಪದ ಬಿಟ್ಟ. ಕೇಳಿದ ಅಂಕಿಗಳನ್ನು ಹಿಂದುಮುಂದಾಗಿ ಹೇಳುವಾಗ ಐದು ಅಂಕಿಯ ಸಾಲಿಗೆ ಎಡವಿದ. ತಿಂಗಳುಗಳನ್ನು ಡಿಸೆಂಬರಿನಿಂದ ಹಿಂದಕ್ಕೆ ಹೇಳುವಾಗ ಆಗಸ್ಟನ್ನು ಹಾರಿಸಿದ. ಕಣ್ಣು ಮುಚ್ಚಿ ಒಂಟಿ ಕಾಲಲ್ಲಿ ನಿಲ್ಲುವಾಗ ಮೂರು ಸಲ ಕಾಲು ಊರಿದ. ನಲವತ್ತೆಂಟು ಬರಬೇಕಾದವನು ಮೂವತ್ತಾರಕ್ಕೆ ತಂದು ನಿಲ್ಲಿಸಿದ. ಅಂದು ಸಂಜೆ ಊಟದ ಮೇಜಿನಲ್ಲಿ, ‘ಹನ್ನೆರಡು ಅಂಕ ಬಚ್ಚಿಟ್ಟಿದ್ದೀನಿ ಕಣ್ರೋ, ಕಷ್ಟಕಾಲಕ್ಕೆ,’ ಎಂದಾಗ ಎಲ್ಲರೂ ಮೇಜು ಬಡಿದು ನಕ್ಕಿದ್ದರು.

ಇವತ್ತು ಅದೇ ನಾಟಕವನ್ನು ಇನ್ನೊಮ್ಮೆ ಆಡಿದ್ದರೆ ಮುಗಿಯುತ್ತಿತ್ತು. ಆದರೆ ನಿನ್ನೆ ಬೆಳಿಗ್ಗೆ ಬ್ರೆಡ್ಡು ಕೊಂಡು ಬಂದ ಫಾಲ್ಕೊ ತನ್ನ ಮನೆಯ ಕರೆಗಂಟೆ ಒತ್ತಿ, ಯಾರಾದರೂ ಬಂದು ಬಾಗಿಲು ತೆಗೆಯುತ್ತಾರೆಂದು ಕಾದಿದ್ದ. ಎರಡನೆಯ ಸಲವೂ ಒತ್ತಿದ್ದ. ಬೀಗದ ಕೈ ಅವನ ಕೈಯಲ್ಲೇ ಇತ್ತು. ಆ ಮನೆಯಲ್ಲಿ ಅವನನ್ನು ಬಿಟ್ಟು ಇನ್ನೊಬ್ಬರು ಯಾವತ್ತೂ ಇದ್ದವರಲ್ಲ.

ಭಯವಾಯಿತು. ಬಾಬಿನಲ್ಲಿ ಒಂದು ದಿನವೂ ಆಗದಂಥ ಭಯ. ಆ ಬಾಗಿಲ ಮುಂದೆಯೇ ತೀರ್ಮಾನಿಸಿದ್ದ: ಈ ಸಲ ಒಂದು ಅಂಕವನ್ನೂ ಬಚ್ಚಿಡುವುದಿಲ್ಲ. ನಲವತ್ತೆಂಟು ಬಂದರೆ ಅಕ್ಟೋಬರಿನ ಕಳ್ಳಾಟ ಬಯಲಾಗುತ್ತದೆ, ಉಗಿಸಿಕೊಳ್ಳಬೇಕಾಗುತ್ತದೆ, ಆಗಲಿ. ತಲೆ ನೆಟ್ಟಗಿದೆಯೆಂದು ಗೊತ್ತಾದರೆ ಸಾಕು.

‘ಈಗ ಅಂಕಿಗಳು,’ ಎಂದರು ಡಾಕ್ಟರು.

ಅಂಕಿಗಳು ಅವನವು. ಮೂರು ಹೇಳಿದ, ನಾಲ್ಕು ಹೇಳಿದ. ಐದು ಅಂಕಿ ಬಂದಾಗ ಮೊದಲ ಎರಡು ಸರಿಯಾಗಿ ಹೊರಬಂದವು. ಮಿಕ್ಕವು ಇದ್ದ ಜಾಗದಲ್ಲಿ ಬರೀ ಬಿಳುಪು. ಬೆವರಿದ. ತಿಂಗಳುಗಳನ್ನು ಒಂದೊಂದಾಗಿ ಕಾಲಿಟ್ಟು ನೋಡಿಕೊಂಡು ಇಳಿದ, ಎಲ್ಲವೂ ಬಂದವೆಂದೇ ಅನ್ನಿಸಿತು. ಆದರೆ ನಡುವೆ ಒಂದು ಕಡೆ ಪೆನ್ನು ಗೀರಿದ ಸದ್ದು ಕೇಳಿಸಿತು. ಒಂಟಿ ಕಾಲಲ್ಲಿ ನಿಂತು ಹಲ್ಲು ಕಚ್ಚಿಕೊಂಡ. ಇನ್ನೂರ ಹತ್ತು ಕಿಲೊ ಎತ್ತುವ ಆ ತೊಡೆ ಅವನ ಮಾತು ಕೇಳಲಿಲ್ಲ. ನೆಲ ಮೂರು ಸಲ ಬಂದು ಪಾದಕ್ಕೆ ತಾಗಿತು.

ಡಾಕ್ಟರು ಕೂಡಿದರು. ಹಳೆಯ ಹಾಳೆ ತೆಗೆದು ಪಕ್ಕದಲ್ಲಿಟ್ಟರು. ಮುಖ ಅರಳಿತು.

‘ಮೂವತ್ತಾರು! ಅಕ್ಟೋಬರಲ್ಲೂ ಮೂವತ್ತಾರು. ಒಂದು ಅಂಕ ಆಚೆಗಿಲ್ಲ, ಈಚೆಗಿಲ್ಲ.’

‘ಇನ್ನೊಂದ್ಸಲ ಕೂಡಿ ನೋಡಿ, ಡಾಕ್ಟ್ರೇ.’

‘ಯಾಕ್ರೀ, ಸಾಲದಾ?’ ಆಕೆ ನಕ್ಕರು. ‘ಜಾಣತನ ಅಳೆಯೋದಲ್ಲ ಇದು. ನೀವು ಮೊದಲಿದ್ದ ಹಾಗೇ ಇದ್ದೀರಾ ಅಂತ ನೋಡೋದು, ಅಷ್ಟೆ. ಇದ್ದೀರಿ.’

‘ಡಾಕ್ಟ್ರೇ, ಅಕ್ಟೋಬರಲ್ಲಿ…’

‘ಹೇಳಿ.’

ಕಿಟಕಿಯಾಚೆ ಮಾಲ್ಟೆ ಓಡುವುದನ್ನು ನಿಲ್ಲಿಸಿ ಈ ಕಡೆಗೇ ನೋಡುತ್ತಿದ್ದ.

‘ಅಕ್ಟೋಬರಲ್ಲಿ ಈ ಕಿಟಕಿ ಪರದೆ ಹಸಿರು ಇತ್ತಲ್ವಾ?’

‘ಇಲ್ವಲ್ಲ. ಯಾವಾಗ್ಲೂ ಇದೇ ಪರದೆ,’ ಎಂದು ಆಕೆ ಸಹಿ ಹಾಕಿದರು.

ಶೆಡ್ಡಿನಲ್ಲಿ ಬಾಬನ್ನು ಪಕ್ಕಕ್ಕೆ ವಾಲಿಸಿ ಸ್ಟೆಫೆನ್ ಅದರ ಅಡಿಯ, ಮಂಜಿನ ಮೇಲೆ ಜಾರುವ ಉಕ್ಕಿನ ಅಟ್ಟೆಗಳನ್ನು ಮರಳು ಕಾಗದದಿಂದ ಉಜ್ಜುತ್ತಿದ್ದ. ಬಾಬ್ ನಡೆಸುವವನು ಅವನೇ, ಅಟ್ಟೆಗಳನ್ನು ಇನ್ನೊಬ್ಬರಿಗೆ ಮುಟ್ಟಗೊಡುವವನಲ್ಲ. ಆರು ವರ್ಷ ಅವನ ಬೆನ್ನ ಹಿಂದೆ ಕೂತಿದ್ದಕ್ಕೆ ಫಾಲ್ಕೊ ಅವನನ್ನು ಗೆಳೆಯನೆಂದು ಕರೆಯುತ್ತಿದ್ದ.

‘ಏನಂದ್ರು?’

‘ಇಳಿಯಬಹುದಂತೆ.’

‘ನಂಗೊತ್ತಿತ್ತು ಬಿಡು. ಬಚ್ಚಿಟ್ಟಿದ್ದು ಎಷ್ಟು, ಹನ್ನೆರಡಲ್ವಾ?’

‘ಹನ್ನೆರಡು.’

‘ಇವತ್ತು?’

‘ಇವತ್ತೂ ಅಷ್ಟೇ.’

‘ಭಲೇ ಕಳ್ಳ!’ ಸ್ಟೆಫೆನ್ ನಕ್ಕ. ಉಜ್ಜುವ ಕೈ ನಿಲ್ಲಲಿಲ್ಲ. ‘ತಲೆನೋವು?’

‘ಇಲ್ಲ.’

‘ನಿದ್ದೆ ಮಾಡ್ತಿದ್ದೀಯಾ?’

‘ಹೂಂ.’

‘ಹುಷಾರಾಗಿದ್ದೀಯ ತಾನೆ?’

‘ಹೂಂ.’

ಇನ್ನೊಂದು ಸಲ ಕೇಳಿದ್ದರೆ ಫಾಲ್ಕೊ ಹೇಳಿಬಿಡುತ್ತಿದ್ದ. ಸ್ಟೆಫೆನ್ ಕೇಳಲಿಲ್ಲ. ಅವನಿಗೆ ಅರ್ಥವಾಗಿರಲಿಕ್ಕೂ ಸಾಕು; ಅರ್ಥವಾಗದೆ ಉಳಿಯುವುದು ಅವನ ಶನಿವಾರಕ್ಕೆ ಒಳ್ಳೆಯದಾಗಿತ್ತು. ಫಾಲ್ಕೊನ ಶನಿವಾರಕ್ಕೂ ಅದೇ ಒಳ್ಳೆಯದಾಗಿತ್ತು. ಹಾಗಾಗಿ ಇಬ್ಬರೂ ಅಟ್ಟೆಯನ್ನು ನೋಡಿದರು. ಅದು ಫಳಫಳ ಹೊಳೆಯುತ್ತಿತ್ತು.

ಮಾಲ್ಟೆ ಬಾಗಿಲಲ್ಲಿ ಕಾಣಿಸಿಕೊಂಡ. ‘ಸಹಿ ಆಯ್ತಂತೆ? ಸದ್ಯ ಕಣಣ್ಣ, ಒಳ್ಳೇದಾಯ್ತು.’ ಕಣ್ಣು ಕೆಂಪಾಗಿತ್ತು. ಬೆಳಿಗ್ಗೆಯಿಂದ ಹಾಕಿಕೊಂಡಿದ್ದ ಮೊಳೆಯ ಬೂಟುಗಳನ್ನು ಬಿಚ್ಚಿ ಚೀಲಕ್ಕೆ ತುರುಕಿದ. ಫಾಲ್ಕೊಗೆ ಮನೆಗೆ ಹೋಗಲಿರುವ ಆ ಚೀಲದ ಮೇಲೆ ಹೊಟ್ಟೆಕಿಚ್ಚಾಯಿತು.

ಅದೇ ದಿನ ಮಧ್ಯಾಹ್ನ ಎರಡಕ್ಕೆ ಅಭ್ಯಾಸದಲ್ಲಿ ಅವರ ಸರದಿ ಬಂತು. ನಾಲ್ವರೂ ಒಬ್ಬರ ಬೆನ್ನನ್ನು ಒಬ್ಬರು ಬಡಿದುಕೊಂಡರು. ‘ಎಲ್ಲಾ ರೆಡಿನಾ?’ ಎಂದು ಸ್ಟೆಫೆನ್ ಕೂಗಿದ. ‘ರೆಡಿ!’ ಎಂದ ಫಾಲ್ಕೊ, ಎಲ್ಲರಿಗಿಂತ ಗಟ್ಟಿಯಾಗಿ. ತಳ್ಳಿದರು. ಕಾಲು ಮರೆತಿರಲಿಲ್ಲ, ಐವತ್ತು ಮೀಟರು ಓಡಿ, ಕೊನೆಯವನಾಗಿ ಹಾರಿ ಕೂತು, ತಲೆಯನ್ನು ಮೊಣಕಾಲುಗಳ ನಡುವೆ ಹುದುಗಿಸಿದ.

ಈ ಕಾಲುವೆಯಲ್ಲಿ ಸಾವಿರ ಸಲವಾದರೂ ಇಳಿದಿದ್ದಾನೆ. ಇಳಿಯುತ್ತ ಒಮ್ಮೆಯೂ ಅದನ್ನು ಕಂಡವನಲ್ಲ. ಕಾಣುವವನು ಸ್ಟೆಫೆನ್ ಒಬ್ಬನೇ. ಉಳಿದವರಿಗೆ ಎದುರಿನವನ ಬೆನ್ನು ಮತ್ತು ಕತ್ತಲೆ. ಫಾಲ್ಕೊ ತಿರುವುಗಳನ್ನು ಹೊಟ್ಟೆಯಿಂದ ಎಣಿಸುತ್ತಿದ್ದ, ಒಟ್ಟು ಹದಿನೇಳು. ಕಡೆಯದು ಮುಗಿದು ಏರು ಸಿಕ್ಕಾಗ ಬ್ರೇಕ್ ಎಳೆಯುವುದು ಅವನ ಕೆಲಸ. ಎಡ, ಬಲ, ಮತ್ತೆ ಎಡ. ನಾಲ್ಕು, ಐದು. ಬೆನ್ನುಮೂಳೆ ಅದುರಿತು. ಆರೋ ಏಳೋ. ಏಳೇ ಇರಬೇಕು.

‘ಬ್ರೇಕ್!’ ಎಂದು ಮುಂದುಗಡೆಯಿಂದ ಕೂಗು ಬಂತು. ಅವನ ಲೆಕ್ಕ ಇನ್ನೂ ಏಳರಲ್ಲೇ ಇತ್ತು.

ಫಾಲ್ಕೊ ಎರಡೂ ಹಿಡಿಗಳನ್ನು ಎಳೆದ. ಕೆಳಗೆ ಕಬ್ಬಿಣದ ಹಲ್ಲುಗಳು ಮಂಜನ್ನು ಕಚ್ಚಿ ಕಿರುಚಿದವು. ಪುಡಿ ಮಂಜು ಅಂಗಿಯ ಕುತ್ತಿಗೆಯೊಳಗೆ ಸುರಿಯಿತು. ಇನ್ನೂ ಎಳೆದ.

ಎದುರಿನ ಬೆನ್ನು ಎದ್ದು ಹೋಯಿತು. ತಣ್ಣನೆಯ ಗಾಳಿ ಬಂದು ಆ ಜಾಗದಲ್ಲಿ ಕೂತಿತು. ಎಲ್ಲೋ ಧ್ವನಿವರ್ಧಕ ಸಮಯ ಹೇಳಿತು. ಯಾರೋ ಸಿಳ್ಳೆ ಹಾಕಿದರು, ಯಾರೋ ಸ್ಟೆಫೆನ್‌ನ ಹೆಸರು ಕೂಗಿದರು.

‘ಏಯ್ ಫಾಲ್ಕೊ, ಇಳಿಯೋ. ಬಾಬ್ ಒಯ್ಯೋ ಲಾರಿ ಬಂತು.’

‘ನಿಂತಾಯ್ತು ಕಣೋ, ಬಿಡು,’ ಎಂದಿತು ಇನ್ನೊಂದು ದನಿ. ಆಮೇಲೆ ಮೊಳೆ ಬೂಟುಗಳ ಸದ್ದು ದೂರವಾಯಿತು.

ಅವನು ತಲೆ ಎತ್ತಲಿಲ್ಲ. ಹೊಟ್ಟೆಯೊಳಗೆ ತಿರುವುಗಳು ಒಂದರ ಹಿಂದೊಂದು ಬರುತ್ತಲೇ ಇದ್ದವು, ಎಡ, ಬಲ, ಎಡ. ನಿಂತ ಬಾಬಿನಲ್ಲಿ ಒಬ್ಬನೇ ಕುಗ್ಗಿ ಕೂತು, ಇದ್ದ ಬಲವನ್ನೆಲ್ಲ ಹಾಕಿ, ಫಾಲ್ಕೊ ಬ್ರೇಕನ್ನು ಎಳೆಯುತ್ತಲೇ ಇದ್ದ.