ಇನ್ನೂ ಒಟ್ಟಿಗೇ ಇದ್ದೀರಾ

ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಆ ಅಂಗಡಿಯಲ್ಲಿ ಗಂಡನನ್ನು ಎಲ್ಲರೂ ಇಸ್ತ್ರಿಯಣ್ಣ ಎನ್ನುತ್ತಿದ್ದರು, ಹೆಂಡತಿಯನ್ನು ಹೊಲಿಗೆಯಕ್ಕ. ಹಾಗೆ ಕರೆದು ಗಂಡಹೆಂಡಿರನ್ನು ಒಡಹುಟ್ಟಿದವರನ್ನಾಗಿ ಮಾಡುತ್ತಿದ್ದೇವೆಂದು ಬೀದಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅವರ ಜಗಳ ಕೇಳಿದವರಿಗೆ ಅದೂ ಸರಿಯೇ ಅನ್ನಿಸುತ್ತಿತ್ತು. ಆತ ಹಿಂದುಗಡೆ ಹಬೆಯಾಡುವ ಇಸ್ತ್ರಿ ಮೇಜಿನ ಬಳಿ, ಆಕೆ ಕಿಟಕಿ ಪಕ್ಕದ ಹೊಲಿಗೆ ಯಂತ್ರದ ಮುಂದೆ. ನಡುವೆ ತೂಗುವ ಕೋಟುಗಳ ಸಾಲಿನ ಮೇಲಿಂದ ಇಡೀ ದಿನ ಮಾತು ಹಾರಾಡುತ್ತಿತ್ತು. ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂಬ ಒಂದೇ ವಿಷಯ ಅವರಿಗೆ ಇಡೀ ಚಳಿಗಾಲಕ್ಕೆ ಸಾಲುತ್ತಿತ್ತು.

ಹೀಗೆ ಕಿಟಕಿಯ ಜಗಳ ರಂಗೇರಿದ್ದಾಗಲೇ ಮನಶ್ಶಾಸ್ತ್ರದ ಪ್ರೊಫೆಸರ್ ಮೇಡಂ ಕೋಟು ತೆಗೆದುಕೊಂಡು ಹೋಗಲು ಬಂದಿದ್ದರು. ಕೋಟು ಕೈಗೆ ಬಂದರೂ ಅವರು ಹೊರಡಲಿಲ್ಲ. ಗಂಡಹೆಂಡತಿ ಹೇಗೆ ಮಾತಾಡುತ್ತಾರೆ ಎಂಬುದರ ಮೇಲೆ ತಾವು ಸಂಶೋಧನೆ ನಡೆಸುತ್ತಿರುವುದಾಗಿಯೂ, ಇಬ್ಬರೂ ಒಮ್ಮೆ ಬಂದು ಕ್ಯಾಮೆರಾ ಮುಂದೆ ಮಾತಾಡಿದರೆ ಉಪಕಾರವಾಗುವುದೆಂದೂ ಹೇಳಿದರು.

"ನಮ್ಮ ಮಾತಿನಿಂದ ಒಬ್ಬರಿಗಾದ್ರೂ ಉಪಯೋಗ ಆಗ್ಲಿ" ಎಂದು ಇಸ್ತ್ರಿಯಣ್ಣ ಒಪ್ಪಿಕೊಂಡ. ಆತ ಒಪ್ಪಿದನೆಂದು ಹೊಲಿಗೆಯಕ್ಕ ಮೊದಲು ಒಲ್ಲೆ ಎಂದಳು, ಆಮೇಲೆ ಹೊಸ ಚಪ್ಪಲಿ ಹಾಕಿಕೊಂಡು ಹೊರಟಳು. ಯೂನಿವರ್ಸಿಟಿಯ ಒಂದು ಕೋಣೆಯಲ್ಲಿ ಎದುರುಬದುರು ಕೂರಿಸಿ, ನಿಮ್ಮಿಬ್ಬರಿಗೂ ಒಮ್ಮತವಿಲ್ಲದ ಯಾವುದಾದರೂ ಸಂಗತಿ ಮಾತಾಡಿ ಎಂದರು. ಯಾವುದನ್ನು ಆರಿಸುವುದು ಎಂಬುದರ ಮೇಲೆಯೇ ಕೊಟ್ಟ ಹೊತ್ತೆಲ್ಲ ಮುಗಿದುಹೋಯಿತು. ಗೆದ್ದದ್ದು ತಾನೇ ಎಂದು ಇಬ್ಬರೂ ನಂಬಿಕೊಂಡು ಮನೆಗೆ ಬಂದರು, ಕೆಲವೇ ದಿನಗಳಲ್ಲಿ ಮರೆತೂಬಿಟ್ಟರು.

ವರ್ಷ ಕಳೆದ ಮೇಲೆ, ಜಾಕೆಟ್ಟಿನ ಜಿಪ್ ಕಿತ್ತುಹೋಗಿದೆಯೆಂದು ಒಬ್ಬ ಹುಡುಗಿ ಅಂಗಡಿಗೆ ಬಂದಳು. ಅಂದು ಕ್ಯಾಮೆರಾ ನೋಡಿಕೊಂಡಿದ್ದ, ಮೇಡಂ ಕೈಕೆಳಗಿನ ಸಂಶೋಧನಾ ವಿದ್ಯಾರ್ಥಿನಿ. ಇಸ್ತ್ರಿ ಮೇಜಿನ ಕಡೆ ನೋಡಿದಳು, ಹೊಲಿಗೆ ಯಂತ್ರದ ಕಡೆ ನೋಡಿದಳು.

"ಅಯ್ಯೋ, ನೀವಿಬ್ಬರೂ ಇನ್ನೂ ಒಟ್ಟಿಗೇ ಇದ್ದೀರಾ" ಎಂದು ಸಂತೋಷದಿಂದಲೇ ಕೇಳಿದವಳು, ತಕ್ಷಣ ನಾಲಿಗೆ ಕಚ್ಚಿಕೊಂಡಳು.

ಹೊಲಿಗೆಯಕ್ಕ ಜಾಕೆಟ್ಟನ್ನು ಹಿಡಿದುಕೊಂಡೇ ಕೇಳಿದಳು: "ಯಾಕಮ್ಮ ಹಾಗಂದೆ?"

"ಏನಿಲ್ಲಕ್ಕ, ಸುಮ್ನೆ."

"ಸುಮ್ನೆ ಅಂತ ಯಾರೂ ಹಾಗನ್ನಲ್ಲ. ಜಿಪ್ ಬೇಕೋ ಬೇಡ್ವೋ?"

ಹುಡುಗಿ ಬಾಯಿಬಿಟ್ಟಳು. ಬಂದ ಜೋಡಿಗಳನ್ನು ಮೇಡಂ ಎರಡು ಗುಂಪು ಮಾಡಿದ್ದರು. ಬಾಳಿಕೆ ಬರುವವರು ಮತ್ತು ಬರದವರು. ಇವರು ಎರಡನೆಯ ಗುಂಪಿನವರು. ತಾನು ಹೇಳಿದೆನೆಂದು ದಮ್ಮಯ್ಯ ಯಾರಿಗೂ ಹೇಳಬೇಡಿ ಎಂದು ಬೇಡಿಕೊಂಡು, ಜಾಕೆಟ್ಟನ್ನೂ ಬಿಟ್ಟು ಹೋದಳು.

ಅಂದು ಕಿಟಕಿ ಅರ್ಧ ತೆರೆದಿತ್ತು. "ಮುಚ್ಚಲಾ?" ಎಂದ ಇಸ್ತ್ರಿಯಣ್ಣ. "ನಿಮಗೆ ಹೇಗೆ ಬೇಕೋ ಹಾಗೆ" ಎಂದಳು ಹೊಲಿಗೆಯಕ್ಕ. ಮದುವೆಯಾದಾಗಿನಿಂದ ಆ ಮಾತು ಆಕೆಯ ಬಾಯಿಂದ ಬಂದದ್ದು ಅದೇ ಮೊದಲು. ಆತ ಕಿಟಕಿಯನ್ನು ಹಾಗೇ ಅರ್ಧಕ್ಕೆ ಬಿಟ್ಟ.

ಅಲ್ಲಿಂದ ಮುಂದೆ ಮನೆಯಲ್ಲಿ ಮರ್ಯಾದೆಯ ಹಾವಳಿ ಶುರುವಾಯಿತು. ಊಟಕ್ಕೆ ಕೂತರೆ ಬೀಗರ ಮನೆಯಲ್ಲಿ ಕೂತಂತೆ. ಉಪ್ಪು ಕಡಿಮೆಯಾಗಿದ್ದರೂ ಆತ ಬಾಯಿಬಿಡಲೊಲ್ಲ. ಆತ ಒದ್ದೆ ಟವೆಲು ಹಾಸಿಗೆಯ ಮೇಲೆ ಎಸೆದರೂ ಆಕೆ ಕೇಳಲೊಲ್ಲಳು. ಏನಾದರೂ ಅಂದರೆ ಅದೇ ಆ ಗುಂಪಿನವರ ಲಕ್ಷಣವಿರಬಹುದೆಂಬ ಭಯ. ಅಂಗಡಿಯಲ್ಲೂ ಅದೇ ಪಾಡು. ಬಿಳಿ ಅಂಗಿಗಳ ರಾಶಿಯ ಜೊತೆ ಒಂದು ನೀಲಿ ಕಾಲುಚೀಲ ಯಂತ್ರದೊಳಗೆ ಹೋಗುವುದನ್ನು ಹೊಲಿಗೆಯಕ್ಕ ಕಣ್ಣಾರೆ ಕಂಡಳು. "ಕಣ್ಣು ಎಲ್ಲಿಟ್ಟಿದ್ದೀರಿ" ಎಂಬ ಮಾತು ಗಂಟಲಿಗೆ ಬಂದು ನಿಂತಿತು, ನುಂಗಿಕೊಂಡಳು. ಬ್ಯಾಂಕ್ ಮ್ಯಾನೇಜರ್ ಆ ವಾರವೆಲ್ಲ ತಿಳಿನೀಲಿ ಅಂಗಿಯಲ್ಲೇ ಕೆಲಸಕ್ಕೆ ಹೋಗಬೇಕಾಯಿತು.

ಎಲ್ಲರಿಗಿಂತ ಹೆಚ್ಚು ಹೆದರಿದವರು ಹೊಲಿಗೆಯಕ್ಕನ ಅತ್ತೆ. ಮಗ ಸೊಸೆಯ ಸದ್ದಿನ ನಡುವೆ ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದ ಜೀವಕ್ಕೆ ಈಗ ನಿದ್ದೆಯೇ ಹತ್ತದು. ಒಂದು ಬೆಳಿಗ್ಗೆ ಇಬ್ಬರನ್ನೂ ಮುಂದೆ ಕೂರಿಸಿಕೊಂಡರು.

"ನನಗೇನೋ ದೊಡ್ಡ ಕಾಯಿಲೆ ಬಂದಿದೆ. ಡಾಕ್ಟರು ನಿಮಗೆ ಹೇಳಿದಾರೆ. ಅದಕ್ಕೇ ಹಿಂಗೆ ಆಡ್ತಿದೀರಿ."

"ಹಾಗೇನಿಲ್ಲಮ್ಮ" ಎಂದ ಮಗ.

"ಮತ್ತೆ ನಿನ್ನೆ ನೀನು ಇವಳಿಗೆ ಥ್ಯಾಂಕ್ಸ್ ಅಂದೆಯಲ್ಲೋ. ನಾನು ಕೇಳಿಸ್ಕೊಂಡೆ."

ಹೊಲಿಗೆಯಕ್ಕನಿಗೆ ತಡೆಯಲಾಗಲಿಲ್ಲ, ಇದ್ದದ್ದನ್ನೆಲ್ಲ ಹೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ತನಗೆ ಕಾಯಿಲೆಯಿಲ್ಲವೆಂದು ಅತ್ತೆ ಮೊದಲು ಸಮಾಧಾನಪಟ್ಟರು, ಆಮೇಲೆ ಕೆರಳಿದರು. "ನಿಮ್ಮ ಸಂಸಾರದ ಭವಿಷ್ಯ ಹೇಳೋಕೆ ಅವರ್ಯಾರು? ಬೇಕಿದ್ರೆ ನನ್ನ ಕೇಳ್ಬೇಕಿತ್ತು. ಹೋಗಿ ವಿಚಾರಿಸ್ಕೊಂಡು ಬನ್ನಿ."

ಮೇಡಂ ಕೋಣೆಯಲ್ಲಿ ಆ ಹುಡುಗಿಯೂ ಕಂಪ್ಯೂಟರ್ ಮುಂದೆ ಕೂತಿದ್ದಳು. ಇವರನ್ನು ಕಂಡು ಮುಖ ಬಿಳುಚಿತು. ಹೊಲಿಗೆಯಕ್ಕ ವಿಷಯ ಹೇಳಿದಾಗ ಮೇಡಂ ಕೇಳಿದ ಮೊದಲ ಪ್ರಶ್ನೆ, ನಿಮಗೆ ಹೇಳಿದವರು ಯಾರು ಎಂಬುದು. ಇಸ್ತ್ರಿಯಣ್ಣ ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಕೆಳಗೆ ಆತನ ಕಾಲಿಗೆ ಪೆಟ್ಟು ಬಿತ್ತು.

"ಯಾಕೆ ಒದೀತೀಯೆ?" ಎಂದು ಆತ ಗಟ್ಟಿಯಾಗಿಯೇ ಕೇಳಿದ.

"ನಾನೇ ಹೇಳಿದ್ದು ಮೇಡಂ" ಎಂದು ಹುಡುಗಿ ಎದ್ದು ನಿಂತಳು. "ಇವರಿಗಿಂತ ಮುಂಚೆ ಇನ್ನೊಂದು ಜೋಡಿಗೂ ಹೇಳಿಬಿಟ್ಟಿದ್ದೆ. ನಮ್ಮ ಬಿಲ್ಡಿಂಗಿನವರು. ಅವರು ಈಗ ಬೇರೆಬೇರೆ ಇದಾರೆ" ಎಂದಳು.

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಜೋಡಿಯನ್ನು ಅವರು ತಮ್ಮ ಊಹೆ ನಿಜವಾದವರ ಪೈಕಿ ಸೇರಿಸಿಕೊಂಡಾಗಿತ್ತು. ಊಹೆ ನಿಜವಾಗಿ ಅವರು ಬೇರೆಯಾದರೋ, ಊಹೆ ಕಿವಿಗೆ ಬಿದ್ದು ಬೇರೆಯಾದರೋ, ಇನ್ನು ಯಾರು ಹೇಳಬೇಕು?

"ತಪ್ಪು ಇವಳದ್ದಷ್ಟೇ ಅಲ್ಲ" ಎಂದರು ಕೊನೆಗೆ. "ಯಾರು ಯಾವ ಗುಂಪು ಅಂತ ಇವಳಿಗೆ ಗೊತ್ತಾಗೋ ಹಾಗೆ ನಾನು ಇಟ್ಟಿರಬಾರದಿತ್ತು. ಬೇರೆಯಾದವರ ಹತ್ರ ನಾನೇ ಹೋಗಿ ಮಾತಾಡ್ತೀನಿ. ನಿಮ್ಮ ಹತ್ರ ಕ್ಷಮೆ ಕೇಳ್ತೀನಿ."

ಪ್ರೊಫೆಸರ್ ಒಬ್ಬರು ಕ್ಷಮೆ ಕೇಳಿದರೆ ಮುಂದೇನು ಮಾಡಬೇಕೆಂದು ಇಬ್ಬರಿಗೂ ತಿಳಿಯಲಿಲ್ಲ. ಹೊಲಿಗೆಯಕ್ಕ ಮೆಲ್ಲಗೆ ಕೇಳಿದಳು: "ಆದ್ರೂ ನಮ್ಮಲ್ಲಿ ಏನು ನೋಡಿ ಹಾಗಂದ್ಕೊಂಡ್ರಿ?"

ಮೇಡಂ ಹಿಂದೆಮುಂದೆ ನೋಡಿದರು. "ನೀವು ಮಾತಾಡುವಾಗಲೆಲ್ಲ ಇವರು ಕಣ್ಣು ಮೇಲೆ ಮಾಡ್ತಿದ್ರು. ತಾತ್ಸಾರ ಇದ್ದಾಗ ಜನ ಹಾಗೆ ಮಾಡ್ತಾರೆ."

"ಮೇಲೆ ಫ್ಯಾನು ಕಟಕಟ ಅಂತಿತ್ತು" ಎಂದ ಇಸ್ತ್ರಿಯಣ್ಣ. "ಅದು ತಲೆ ಮೇಲೆ ಬೀಳುತ್ತೇನೋ ಅಂತ ನೋಡ್ತಿದ್ದೆ."

ವಿಷಯ ಗೊತ್ತಾದ ಮೇಲೆ ನಿಮ್ಮನ್ನು ಲೆಕ್ಕಕ್ಕೆ ಹಿಡಿಯಲಾಗದು, ವಿಡಿಯೊ ಅಳಿಸುತ್ತೇನೆ ಎಂದರು ಮೇಡಂ. ಲೆಕ್ಕಕ್ಕೇ ಇಲ್ಲದವರಾದೆವೆಂದು ಇಸ್ತ್ರಿಯಣ್ಣನಿಗೆ ಚೂರು ಬೇಸರವಾಯಿತು. ಅಳಿಸುವ ಮುಂಚೆ ಒಮ್ಮೆ ತೋರಿಸಿ, ಗೆದ್ದದ್ದು ಯಾರೆಂದು ನೋಡಬೇಕು ಎಂದ.

ಹುಡುಗಿ ತೋರಿಸಿದಳು. ಪರದೆಯ ಮೇಲೆ ಹೊಲಿಗೆಯಕ್ಕ ಕೈಯಾಡಿಸುತ್ತ ಮಾತಾಡುತ್ತಿದ್ದಳು, ಇಸ್ತ್ರಿಯಣ್ಣ ಆಗಾಗ ಕಣ್ಣು ಮೇಲೆ ತಿರುಗಿಸುತ್ತಿದ್ದ. ಮಾತೆಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. ಹಿಂದೆ ಬೇರೆ ಯಾವ ಸದ್ದೂ ಇರಲಿಲ್ಲ. ಆತ ಕೊನೆಯವರೆಗೂ ನೋಡಿದ.

ಹಿಂದಿರುಗುವಾಗ ಬಸ್ಸಿಗೆ ಕಾಯದೆ ನಡೆದೇ ಹೊರಟರು.

"ಫ್ಯಾನು ಇರಲಿಲ್ಲ" ಎಂದ ಇಸ್ತ್ರಿಯಣ್ಣ.

"ಗೊತ್ತು. ನಾನೂ ಅಲ್ಲೇ ಇದ್ನಲ್ಲ."

"ಮತ್ತೆ ಕಣ್ಣು ಮೇಲೆ ಮಾಡಿದ್ದಕ್ಕೆ ಅವತ್ತೇ ಯಾಕೆ ಕೇಳಲಿಲ್ಲ?"

"ಕೇಳೋಕೆ ಇನ್ನೂ ದೊಡ್ಡದೊಡ್ಡ ವಿಷಯ ಇದ್ವು. ಇದರ ಸರದಿ ಬಂದಿರಲಿಲ್ಲ."

ಆತ ತಲೆ ತಗ್ಗಿಸಿಕೊಂಡು ಹೆಜ್ಜೆ ಹಾಕಿದ. "ಇನ್ಮೇಲೆ ಹಾಗೆ ನೋಡಲ್ಲ" ಎಂದ.

"ನೋಡ್ತೀರಿ. ನೋಡಿದಾಗ ನಾನು ಹೇಳ್ತೀನಿ. ಹೇಳಿದ್ರೆ ರೇಗಬಾರದು."

"ರೇಗ್ತೀನಿ."

"ರೇಗಿ. ಸುಮ್ಮನಿರಬೇಡಿ ಅಷ್ಟೇ."

ರಸ್ತೆ ದಾಟುವಾಗ ಆತ ಆಕೆಯ ತೋಳು ಹಿಡಿದುಕೊಂಡ, ದಾಟಿದ ಮೇಲೆ ಬಿಡುವುದನ್ನು ಮರೆತ. ಸ್ವಲ್ಪ ದೂರ ಹೋದ ಮೇಲೆ ಕೇಳಿದ:

"ಒಂದು ವೇಳೆ ಮೇಡಂ ಹೇಳಿದ ಹಾಗೇ ಆಗಿದ್ರೆ, ಅಂಗಡಿ ಯಾರಿಗೆ?"

"ನನಗೆ."

"ಅಮ್ಮ?"

"ಅತ್ತೇನೂ ನನಗೆ. ಅವರನ್ನೇ ಕೇಳಿ ನೋಡಿ."

"ಮತ್ತೆ ನಾನು?"

ಹೊಲಿಗೆಯಕ್ಕ ಆತನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ರಿಪೇರಿಗೆ ಬಂದ ಹಳೆಯ ಕೋಟನ್ನು ನೋಡುವ ಹಾಗೆ.

"ಸ್ವಲ್ಪ ಯೋಚನೆ ಮಾಡಿ ಹೇಳ್ತೀನಿ" ಎಂದಳು.