ಸರ್ವಮಂಗಳಮ್ಮನ ಮೂಗು

ನೊಣವಿನಕೆರೆಯ ಮೇಲಿನ ಬೀದಿಯಲ್ಲಿ ಜನ ಸರ್ವಮಂಗಳಮ್ಮನ ಮಾತಿಗಿಂತ ಅವರ ಮೂಗಿಗೆ ಹೆಚ್ಚು ಹೆದರುತ್ತಿದ್ದರು. ನೋಡಲು ಅಂಥ ಅತಿಶಯದ ಮೂಗೇನೂ ಅಲ್ಲ. ತುದಿಯಲ್ಲಿ ಕೊಂಚ ಬಾಗಿದ್ದು, ಮೂಗುಬಟ್ಟು ತೆಗೆದು ಎಷ್ಟೋ ವರ್ಷಗಳಾಗಿದ್ದರೂ ಅದಿದ್ದ ಜಾಗದ ಚುಕ್ಕೆಯನ್ನು ಹಾಗೇ ಉಳಿಸಿಕೊಂಡಿದ್ದ ಮೂಗು. ಆದರೆ ಅದರ ಮುಂದೆ ಯಾವ ಗುಟ್ಟೂ ನಿಲ್ಲುತ್ತಿರಲಿಲ್ಲ. ತಿಪಟೂರಿನ ಛತ್ರವೊಂದರಲ್ಲಿ ನೆಂಟರ ಮಗುವಿನ ಹುಟ್ಟುಹಬ್ಬಕ್ಕೆ ತಂದಿಟ್ಟಿದ್ದ ಕೇಕನ್ನು ಬಾಗಿಲಲ್ಲಿ ನಿಂತೇ ಮೂಸಿ, "ಇದ್ರಲ್ಲಿ ಮೊಟ್ಟೆ ಐತೆ" ಎಂದಿದ್ದರು. ಬೇಕರಿಯವನು ಮಕ್ಕಳ ಮೇಲೆ ಆಣೆ ಇಟ್ಟ. ಆಮೇಲೆ ಅಂಗಡಿಗೆ ಫೋನು ಮಾಡಿ ವಿಚಾರಿಸಿ, ಡಬ್ಬಿ ಅದಲುಬದಲಾಗಿದೆಯೆಂದು ತಲೆ ಕೆರೆದುಕೊಂಡ. ಇನ್ನೊಮ್ಮೆ ತಿಪಟೂರಿನಿಂದ ಬರುವ ಬಸ್ಸಿನಲ್ಲಿ ಯಾರದೋ ಬುಟ್ಟಿಯೊಳಗೆ ಒಣಮೀನಿದೆಯೆಂದು ಗೊತ್ತಾದದ್ದೇ, ನಡುದಾರಿಯಲ್ಲಿ ಬಸ್ಸು ನಿಲ್ಲಿಸಿ ಇಳಿದು, ಉರಿಬಿಸಿಲಿನಲ್ಲಿ ಊರತನಕ ನಡೆದು ಬಂದರು. ಈ ಕಥೆಯನ್ನು ಹೇಳಿ ಹೇಳಿ ನಕ್ಕವರೆಲ್ಲ ಅದರ ಒಂದು ಸಣ್ಣ ತುಣುಕನ್ನು ಬಿಟ್ಟೇ ಹೇಳುತ್ತಿದ್ದರು: ಇಳಿಯುವಾಗ ಅವರು ಬುಟ್ಟಿಯವಳ ಭುಜ ಮುಟ್ಟಿ, "ನೀ ಕೂತ್ಕ ತಾಯಿ, ನಾನು ಇಳೀತೀನಿ" ಎಂದಿದ್ದರು.

ನಡಿಗೆಯೂ ಹಾಗೆಯೇ, ಅವರದೇ ಒಂದು ಬಗೆ. ಬೀದಿಯ ಅಂಚು ಎನ್ನುವುದೊಂದಿದೆ ಎಂದು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲವೋ ಏನೋ, ರಸ್ತೆಯ ನಟ್ಟನಡುವೆಯೇ ನಡೆಯುವರು; ಹಿಂದೆ ಹಾರನ್ ಹೊಡೆದ ಟ್ರ್ಯಾಕ್ಟರು ಸುತ್ತಿಕೊಂಡು ಹೋಗಬೇಕು. ತೀರಿಹೋದ ಯಜಮಾನರು ರೇವಣಸಿದ್ದಯ್ಯನವರ ಕಂದು ಬಣ್ಣದ ಕೋಟನ್ನು ಸೀರೆಯ ಮೇಲೆ ತೊಟ್ಟೇ ಅವರು ಕೊಬ್ಬರಿಯ ಕೊಟ್ಟಿಗೆಗೆ ಹೋಗುತ್ತಿದ್ದುದು. ಅದರ ಒಂದು ಜೇಬಿನಲ್ಲಿ ವಿಭೂತಿ ಗಟ್ಟಿ, ಇನ್ನೊಂದರಲ್ಲಿ ಅಡಕೆ ಚೂರು. ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಿದ ಕಾಯಿ ಕೆಳಗಿಳಿದು, ಸುಲಿದು, ಒಡೆದು, ಉಂಡೆ ಕೊಬ್ಬರಿಯಾಗಿ ರಾಶಿ ಬಿದ್ದಾಗ, ಅದರೊಳಗೆ ಕಮಟು ಹಿಡಿದ ಒಂದೇ ಒಂದು ಗಿಟುಕು ಇದ್ದರೂ ಅವರು ಅಲ್ಲೇ ನಿಂತು, ಮೂಗಿನ ಹೊಳ್ಳೆ ಅರಳಿಸಿ, ಬೆರಳು ತೋರಿಸುತ್ತಿದ್ದರು. ವಾದ ಏನೇ ಇರಲಿ, ಅದನ್ನು ಮುಗಿಸುವುದು ಮಾತ್ರ ಒಂದೇ ರೀತಿ: "ಅದಿರ್ಲಿ ಬುಡು."

ತುರುವೇಕೆರೆಯಿಂದ ಈ ಮನೆಗೆ ಸೊಸೆಯಾಗಿ ಬಂದ ಗಾನವಿಗೆ ಅತ್ತೆಯ ಮೂಗಿನ ಬಗ್ಗೆ ಒಳಗೊಳಗೇ ನಾಚಿಕೆಯಿತ್ತು. ಕಾಲೇಜಿನಲ್ಲಿ ಓದಿದವಳು, ಮನುಷ್ಯರೆಲ್ಲ ಒಂದೇ, ವ್ಯತ್ಯಾಸಗಳೆಲ್ಲ ನಾವು ಕಲ್ಪಿಸಿಕೊಂಡವು ಎಂದು ಮನಸಾರೆ ನಂಬಿದವಳು. ಅವಳೂ ಹುಟ್ಟಿನಿಂದ ಮಾಂಸ ಮುಟ್ಟದ ಮನೆಯವಳೇ. ಆದರೆ ಅದನ್ನು ಯಾರೆದುರೂ ಎತ್ತಿ ಆಡುತ್ತಿರಲಿಲ್ಲ. ಅತ್ತೆಗಾದರೋ ಉಸಿರೆಳೆದರೆ ಭೇದ, ಉಸಿರು ಬಿಟ್ಟರೆ ಭೇದ ಎಂದು ಅವಳಿಗೆ ತೋರುತ್ತಿತ್ತು.

ಹಾಗೆ ತೋರುವುದಕ್ಕೆ ಕಾರಣವಾಗಿದ್ದದ್ದು ಒಂದು ಕಿಟಕಿ. ಕೊಟ್ಟಿಗೆಯ ಹಿಂಗೋಡೆಗೆ ಆತುಕೊಂಡಂತೆ ಅಂಕಮ್ಮನ ಮನೆ. ಅಂಕಮ್ಮ ಗಂಡ ಸತ್ತ ಮೇಲೆ ಈ ಕೊಟ್ಟಿಗೆಯಲ್ಲೇ ಕೊಬ್ಬರಿ ಒಡೆಯುತ್ತ ಮಗಳನ್ನು ಬೆಳೆಸಿದವಳು. ಭಾನುವಾರ ಬಂತೆಂದರೆ ಅವಳ ಒಲೆಯಿಂದ ಏಳುವ ಮಸಾಲೆಯ ಘಾಟು ಗೋಡೆ ದಾಟಿ ಕೊಟ್ಟಿಗೆಯನ್ನೆಲ್ಲ ತುಂಬುತ್ತಿತ್ತು. ಆಗ ಸರ್ವಮಂಗಳಮ್ಮ ಎದ್ದು ಹೋಗಿ ಕಿಟಕಿಯನ್ನು ಧಡಾರನೆ ಮುಚ್ಚುವರು. ಆ ಸದ್ದು ಕೇಳಿದಾಗಲೆಲ್ಲ ಗಾನವಿಗೆ ಯಾರದೋ ಕೆನ್ನೆಗೆ ಹೊಡೆದಂತಾಗುತ್ತಿತ್ತು.

ಕಳೆದ ಕಾರ್ತೀಕದಲ್ಲಿ ಅಂಕಮ್ಮನ ಮಗಳು ಯೋಗಿತಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹೆಣ್ಣುಕೂಸು ಹುಟ್ಟಿತು. ಬಾಣಂತಿ ಆಸ್ಪತ್ರೆಯಿಂದ ಮನೆಗೆ ಬಂದ ವಾರದಲ್ಲೇ ಅಂಕಮ್ಮ ನೀರಿನ ತೊಟ್ಟಿಯ ಹತ್ತಿರ ಜಾರಿ ಬಿದ್ದು ಸೊಂಟ ಮುರಿದುಕೊಂಡಳು. ಇದ್ದ ನಾಲ್ಕು ಜನ ನೆಂಟರು ಅವಳನ್ನು ನೋಡಿಕೊಳ್ಳಲು ತಿಪಟೂರಿನ ಆಸ್ಪತ್ರೆ ಸೇರಿದರು. ಯೋಗಿತಾಳ ಗಂಡ ಗಂಗರಾಜು ತೆಂಗಿನಕಾಯಿ ಲೋಡು ಹೊತ್ತ ಲಾರಿಯೊಂದಿಗೆ ದೆಹಲಿಯ ದಾರಿಯಲ್ಲಿದ್ದ. ಹಸಿ ಬಾಣಂತಿಯೂ ಎಳೆಗೂಸೂ ಆ ಮನೆಯಲ್ಲಿ ಇಬ್ಬರೇ ಉಳಿದರು.

ಗಾನವಿ ಏನು ಮಾಡುವುದೆಂದು ಯೋಚಿಸುತ್ತಿರುವಾಗಲೇ ಸರ್ವಮಂಗಳಮ್ಮ ಕೋಟು ತೊಟ್ಟು ಹೋಗಿ, ಕೂಸನ್ನು ತಾವು ಎತ್ತಿಕೊಂಡು, ಬಾಣಂತಿಯನ್ನು ಮುಂದೆ ಬಿಟ್ಟುಕೊಂಡು ಬಂದೇಬಿಟ್ಟರು. ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಮಂಚ ಬಿತ್ತು. ಸಾಂಬ್ರಾಣಿ ಹೊಗೆ ಎದ್ದಿತು. ಗಾನವಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಏನು ನೋಡ್ತೀಯೇ? ಬಿಸಿನೀರು ತಗಂಬಾ."

ಗಾನವಿಗೆ ಹಿಗ್ಗೋ ಹಿಗ್ಗು. ತಾನು ನಂಬಿದ್ದೇ ಕಡೆಗೆ ಗೆದ್ದಿತು ಎನಿಸಿತು. ತಮ್ಮ ಮನೆಯ ಬಾಣಂತಿಯರಿಗೆ ಮಾಡುವಂತೆಯೇ ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರು, ಬಿಸಿ ಅನ್ನ, ಮೇಲೊಂದು ಮಿಳ್ಳೆ ತುಪ್ಪ, ಕೊಬ್ಬರಿ ಬೆಲ್ಲದ ಉಂಡೆ ಎಲ್ಲವನ್ನೂ ತನ್ನ ಕೈಯಾರೆ ಮಾಡಿ ಬಡಿಸಿದಳು. ತಮ್ಮ ಮನೆಯ ತಟ್ಟೆಯಲ್ಲೇ ಬಡಿಸಿದಳು. ಯೋಗಿತಾ ಎರಡು ತುತ್ತು ಉಂಡು ತಟ್ಟೆ ಸರಿಸಿದಳು. ಮಾರನೆಯ ದಿನವೂ ಅಷ್ಟೇ. ಆಮೇಲಂತೂ ತಟ್ಟೆ ಹೋದ ಹಾಗೇ ಹಿಂದಕ್ಕೆ ಬರತೊಡಗಿತು. ಮೈಯಲ್ಲಿ ಕಸುವಿಲ್ಲದೆ ಅವಳು ಗೋಡೆಗೆ ತಿರುಗಿ ಮಲಗಿರುವಳು; ಕೂಸು ಮೊಲೆ ಚೀಪಿ ಚೀಪಿ ಸೋತು ಅಳುವುದು; ಆ ಅಳು ದಿನದಿನಕ್ಕೆ ತೆಳ್ಳಗಾಗುತ್ತ ಬಂತು.

"ಎಷ್ಟು ಮಾಡಿದ್ರೂ ಇಷ್ಟೇ" ಎಂದಳು ಗಾನವಿ, ಅಡುಗೆಮನೆಯಲ್ಲಿ ತಟ್ಟೆಯನ್ನು ಕೊಂಚ ಜೋರಾಗಿಯೇ ಇಡುತ್ತ. "ನಮಗೂ ಅವರಿಗೂ ಏನೂ ವ್ಯತ್ಯಾಸ ಇಲ್ಲ ಅಂತಲೇ ಅಲ್ವಾ ಅತ್ತೆ, ನಾವು ಉಣ್ಣೋದನ್ನೇ ಕೊಡ್ತಿರೋದು?"

ಸರ್ವಮಂಗಳಮ್ಮ ಅಡಕೆ ಅಗಿಯುವುದನ್ನು ನಿಲ್ಲಿಸಿದರು. "ವ್ಯತ್ಯಾಸ ಇಲ್ಲ ಅಂತ ನಿಂಗೆ ಹೇಳಿದ್ಯಾರು? ಐತೆ ಕಣೇ. ಅದಕ್ಕೇ ಅವಳು ಉಣ್ತಿಲ್ಲ."

ಎದ್ದು ಕೋಣೆಗೆ ಹೋದರು. ಗಾನವಿಯೂ ಹಿಂದೆಯೇ ಹೋದಳು.

"ಯೋಗೀ, ನಿಮ್ಮವ್ವ ಇದ್ದಿದ್ರೆ ಇವತ್ತು ಏನು ಮಾಡ್ತಿದ್ಲು?"

ಯೋಗಿತಾ ಗಾನವಿಯ ಮುಖ ನೋಡಿ, ಕಣ್ಣು ತಗ್ಗಿಸಿದಳು. "ಏನಾರ ಒಂದು ಮಾಡ್ತಿತ್ತು ಅಮ್ಮಾವ್ರೇ. ಇದೇ ಚೆನ್ನಾಗೈತೆ."

"ಚೆನ್ನಾಗಿದ್ದಿದ್ರೆ ತಟ್ಟೆ ಖಾಲಿ ಆಗ್ತಿತ್ತು. ಬಾಯಿಬಿಟ್ಟು ಹೇಳು."

ಅವಳು ಕಳವು ಒಪ್ಪಿಕೊಳ್ಳುವವಳ ದನಿಯಲ್ಲಿ ಹೇಳಿದಳು: "ಹ್ಯಾಟೆ ಸಾರು."

ಇನ್ನೂ ಮೊಟ್ಟೆ ಇಡದ ಎಳೆ ಕೋಳಿಗೆ ಹ್ಯಾಟೆ ಎನ್ನುತ್ತಾರೆಂಬುದು ಗಾನವಿಗೆ ಗೊತ್ತಿತ್ತು.  ಅತ್ತೆ ಈಗ ಏನನ್ನುತ್ತಾರೋ ಎಂದು ಅವಳು ಅವರತ್ತ ತಿರುಗಿದಳು. ಸರ್ವಮಂಗಳಮ್ಮ ಕೋಟಿನ ಗುಂಡಿ ಹಾಕಿಕೊಳ್ಳುತ್ತ ಹೊರಟುಹೋದರು.

ಆ ಮಧ್ಯಾಹ್ನ ಜಗಲಿಯಲ್ಲಿ ನಿಂತು ಗಾನವಿ ಕಂಡದ್ದನ್ನು ಮೇಲಿನ ಬೀದಿ ಇವತ್ತಿಗೂ ಪೂರ್ತಿ ನಂಬಿಲ್ಲ. ಬೀದಿಯ ನಟ್ಟನಡುವೆ ಸರ್ವಮಂಗಳಮ್ಮ ಬರುತ್ತಿದ್ದರು, ಎಂದಿನ ಅದೇ ನಡಿಗೆ. ಹಣೆಯ ಮೇಲೆ ವಿಭೂತಿ, ಎದೆಯ ಮೇಲೆ ಬೆಳ್ಳಿಯ ಕರಡಿಗೆಯಲ್ಲಿ ಲಿಂಗ. ಸೆರಗಿನಿಂದ ಮೂಗು ಮುಚ್ಚಿದ್ದರು. ಇನ್ನೊಂದು ಕೈ ಕೋಟಿನ ಮಡಿಲನ್ನು ಅವುಚಿಕೊಂಡಿತ್ತು. ಆ ಕೋಟಿನ ಸಂದಿಯಿಂದ ಕೆಂಬಣ್ಣದ ಕೋಳಿಯೊಂದು ಕತ್ತು ಹೊರಚಾಚಿ, ಒಂದೊಂದು ಮನೆಯ ಬಾಗಿಲನ್ನೂ ಗುರುತು ಹಿಡಿಯುವಂತೆ ಎಡಕ್ಕೂ ಬಲಕ್ಕೂ ನೋಡುತ್ತಿತ್ತು. ಅವರ ಹಿಂದೆ ಎರಡು ಮಾರು ದೂರದಲ್ಲಿ, ತೋಟದ ಕೆಲಸದ ಮಾಯಣ್ಣ ತಲೆ ತಗ್ಗಿಸಿಕೊಂಡು ಬರುತ್ತಿದ್ದ. ಎದುರು ಮನೆಯ ಕೊಬ್ಬರಿ ವ್ಯಾಪಾರಿ ರಾಜಣ್ಣನ ಕೈಯಲ್ಲಿದ್ದ ಪೇಪರು ಮೆಲ್ಲಗೆ ಮಡಿಲಿಗಿಳಿಯಿತು. ನಲ್ಲಿಯಡಿ ಬಿಂದಿಗೆ ತುಂಬಿ ಹೊರಚೆಲ್ಲುತ್ತಿದ್ದರೂ ಯಾರೂ ನಲ್ಲಿ ನಿಲ್ಲಿಸಲಿಲ್ಲ.  ಇವರು ನನ್ನ ಅತ್ತೆಯಲ್ಲ ಎಂದು ಒಂದು ಕ್ಷಣ ಗಾನವಿಗೆ ನಿಜವಾಗಿಯೂ ಅನಿಸಿತು.

ಆಮೇಲೆ ಮಾಯಣ್ಣ ಹೇಳಿದ್ದು: "ನಾನು ಅಂದೆ ಕಣಕ್ಕ, ಆ ಬೀದೀಲಿ ಕೋಳಿ ಹಿಡ್ಕಂಡು ಬಂದ್ರೆ ನನ್ನ ಕಾಲು ಮುರೀತಾರೆ ಅಂತ. 'ಇಲ್ಲಿ ಕೊಡ್ಲಾ, ನನ್ನ ಕಾಲು ಯಾವನು ಮುರೀತಾನೆ ನೋಡಾನ' ಅಂತ ಕಿತ್ಕಂಡ್ರು."

ಕೊಟ್ಟಿಗೆಯ ಹಿಂದೆ, ತೆಂಗಿನ ಬುಡದಲ್ಲಿ, ಅಂಕಮ್ಮನ ಮನೆಯಿಂದ ತಂದ ಮಡಕೆಯಲ್ಲಿ ಅಡುಗೆ ನಡೆಯಿತು. ಕುಯ್ದು ಹಸನು ಮಾಡಿದವನೂ ಅಡುಗೆಗೆ ನಿಂತವನೂ ಮಾಯಣ್ಣನೇ. ಸರ್ವಮಂಗಳಮ್ಮ ಗೋಡೆಯ ಈಚೆ, ಕಿಟಕಿಯ ಪಕ್ಕ, ಬೆನ್ನು ತಿರುಗಿಸಿ, ಮೂಗಿಗೆ ಸೆರಗೊತ್ತಿಕೊಂಡು ಮಣೆಯ ಮೇಲೆ ಕೂತರು. ಸೊಸೆಗೆ, "ನಿಂಗೆ ಆಗದಿದ್ರೆ ಒಳಗೆ ಹೋಗು. ನಿನ್ನ ಯಾರೂ ಹಿಡ್ಕಂಡಿಲ್ಲ" ಎಂದರು. ಗಾನವಿ ಹೋಗಲಿಲ್ಲ. ಹಸಿ ಮಾಂಸದ ವಾಸನೆಗೆ ಅವಳ ಕೈಯೂ ಮೂಗಿಗೆ ಹೋಯಿತು. ಎಲ್ಲರೂ ಒಂದೇ ಎನ್ನುವಾಗ ತಾನು ಇಂಥದೊಂದು ವಾಸನೆಯನ್ನು ಲೆಕ್ಕಕ್ಕೆ ಹಿಡಿದೇ ಇರಲಿಲ್ಲ ಎಂಬುದು ಆಗ ಹೊಳೆಯಿತು.

ಗೋಡೆಯ ಆಚೆಯಿಂದ ಮಾಯಣ್ಣ ಕೂಗಿದ: "ಕಾಯಿ ರುಬ್ಬಿ ಹಾಕ್ತೀನಿ ಅಮ್ಮಾವ್ರೇ."

"ಬ್ಯಾಡ. ಬಾಣಂತಿ ಸಾರಿಗೆ ಅಂಕಮ್ಮ ಕಾಯಿ ಹಾಕಲ್ಲ. ಮೆಣಸು, ಈರುಳ್ಳಿ, ಬೆಳ್ಳುಳ್ಳಿ ಅಷ್ಟೇಯ. ಅವಳ ತಂಗಿ ಬಾಣಂತನ ಆದಾಗ ಹಾಕಿರ್ಲಿಲ್ಲ."

ಮಾಯಣ್ಣ ಸೌಟು ಹಿಡಿದೇ ಕಿಟಕಿಗೆ ಮುಖ ತಂದ. "ಅದು ನಿಮಗೆಂಗೆ ಗೊತ್ತು ಅಮ್ಮಾವ್ರೇ?"

"ಮೂವತ್ತು ವರ್ಷದಿಂದ ಇದೇ ಗೋಡೆ ಪಕ್ಕ ಉಸಿರಾಡ್ತಿದ್ದೀನಿ ಕಣಪ್ಪ. ಕಿಟಕಿ ಮುಚ್ಚಿದ್ರೆ ವಾಸನೆ ನಿಲ್ತದಾ? ಅದಿರ್ಲಿ ಬುಡು, ಈರುಳ್ಳಿ ಇನ್ನೂ ಬಾಡಿಲ್ಲ. ಆಗ್ಲೇ ನೀರು ಹುಯ್ಬ್ಯಾಡ."

ಗಾನವಿ ಕೈಯಲ್ಲಿ ಮೆಣಸಿನ ಡಬ್ಬಿ ಹಿಡಿದು ಹಾಗೇ ನಿಂತಿದ್ದಳು. ಕೇಕಿನೊಳಗಿನ ಮೊಟ್ಟೆಯನ್ನು ದೂರದಿಂದಲೇ ಹಿಡಿದ ಮೂಗು. ಯಾವುದನ್ನು ಒಳಗೆ ಬಿಡಬಾರದೆಂದು ಕಾಯಲಿಕ್ಕೇ ಹುಟ್ಟಿದ್ದೆಂದು ಅವಳು ತಿಳಿದಿದ್ದ ಮೂಗು. ಅದು ಸೆರಗಿನ ಮರೆಯಿಂದಲೇ ಒಂದು ಅಡುಗೆಯನ್ನು ಹಂತಹಂತವಾಗಿ ಹದಕ್ಕೆ ತರುತ್ತಿತ್ತು. ಹಸಿ ವಾಸನೆ ಹೋಯಿತೆಂದರು. ಮೆಣಸು ಸಾಲದೆಂದರು. ನಡುವೆ ಒಮ್ಮೆ ಓಕರಿಕೆ ಬಂದು, ಎದ್ದು ಬಚ್ಚಲಿಗೆ ಹೋಗಿ, ಬಾಯಿ ಮುಕ್ಕಳಿಸಿ ಬಂದು, ಮತ್ತೆ ಅದೇ ಮಣೆಯ ಮೇಲೆ ಕೂತು, "ಉರಿ ಸಣ್ಣ ಮಾಡ್ಲಾ" ಎಂದರು. ಗಾನವಿ ಕಲ್ಲಿನ ಮುಂದೆ ಕೂತು ಮೆಣಸು ಕುಟ್ಟತೊಡಗಿದಳು.

"ಉಪ್ಪು ನೋಡೋರ್ಯಾರು?" ಎಂದ ಮಾಯಣ್ಣ.

"ನನ್ನ ಕೇಳ್ತೀಯಾ? ನೀನೇ ನೋಡು. ಹಂಗಂತ ಅರ್ಧ ಮಡಕೆ ನೋಡಬ್ಯಾಡ."

ಯೋಗಿತಾ ಮೊದಲ ತುತ್ತು ಬಾಯಿಗಿಟ್ಟಳು. ಕಣ್ಣಿಂದ ನೀರಿಳಿಯಿತು, ಒರೆಸಿಕೊಳ್ಳಲಿಲ್ಲ. "ಅವ್ವ ಮಾಡ್ದಂಗೇ ಐತೆ" ಎಂದಳು. ಬಟ್ಟಲು ತಳ ಕಂಡಿತು. ಮುದ್ದೆ ಮುಗಿಯಿತು. ಇಷ್ಟು ದಿನ ಗೋಡೆಗೆ ತಿರುಗಿ ಮಲಗಿದ್ದವಳು ಎದ್ದು ಕೂತು, ಕೂಸನ್ನು ತಾನಾಗಿ ಎತ್ತಿಕೊಂಡು ಮೊಲೆಗಿಟ್ಟಳು. ಇಳಿಹೊತ್ತಿಗೆ ತಾಯಿಯೂ ಮಗುವೂ ಒಂದೇ ಉಸಿರಿನಲ್ಲಿ ನಿದ್ದೆ ಹೋಗಿದ್ದರು.

ಅಷ್ಟರಲ್ಲಿ ರಾಜಣ್ಣ ಜಗಲಿಗೆ ಬಂದಿದ್ದ. "ಅಕ್ಕ, ನಿಮಗೆ ಹೇಳೋಷ್ಟು ದೊಡ್ಡೋನಲ್ಲ ನಾನು. ಆದ್ರೂ ನಮ್ಮ ಬೀದೀಲಿ ಇದು... ಮನೇಲಿ ಕೂರೋಕಾಗ್ತಿಲ್ಲ, ವಾಸನೆ."

ಸರ್ವಮಂಗಳಮ್ಮ ಅವನನ್ನು ತಲೆಯಿಂದ ಕಾಲಿನವರೆಗೂ ನೋಡಿದರು. "ನನ್ನ ಮೂಗಿಗಿಂತ ಚುರುಕೇನೋ ರಾಜಣ್ಣ, ನಿನ್ನ ಮೂಗು?"

 ಅವನು ಪಂಚೆಯ ತುದಿ ಹಿಡಿದು ನಿಂತ.

"ನಿಮ್ಮನೇಲೂ ಕಿಟಕಿ ಅವೆ. ಹಾಕ್ಕೋ. ಬಾಣಂತಿ ಎದ್ದು ಓಡಾಡೋಗಂಟ ಈ ವಾಸನೆ ಇರ್ತದೆ. ಸೋಮವಾರ ಇರಲ್ಲ, ಅವಳೇ ಹೇಳವಳೆ, ಸೋಮವಾರ ಬ್ಯಾಡ ಅಮ್ಮಾವ್ರೇ ಅಂತ."

ಅವನು ಹೋದ ಮೇಲೆ ಅವರು ಹಿತ್ತಲಿಗೆ ಹೋಗಿ, ಚಳಿಯಲ್ಲಿ ತಣ್ಣೀರನ್ನೇ ತಲೆಯ ಮೇಲೆ ಸುರಿದುಕೊಂಡರು. ಕೋಟನ್ನು ನೆನೆಹಾಕಿದರು. ಒದ್ದೆ ಕೂದಲು ಗಂಟು ಕಟ್ಟಿ, ವಿಭೂತಿ ಇಟ್ಟು ಪೂಜೆಗೆ ಕೂರಹೊರಟವರನ್ನು ಗಾನವಿ ತಡೆಯಲಾರದೆ ಕೇಳಿದಳು: "ಇಷ್ಟೆಲ್ಲ ಮಾಡಿ ಮತ್ತೆ ತಲೆಗೆ ಹುಯ್ಕೊಂಡ್ರಲ್ಲ ಅತ್ತೆ, ಯಾಕೆ?"

"ಅವಳ ಊಟ ಅವಳದು, ನನ್ನ ಮಡಿ ನಂದು. ಎರಡನ್ನೂ ಒಂದೇ ಪಾತ್ರೆಗೆ ಯಾಕೆ ಸುರೀಬೇಕು?" ಎಂದರು ಅವರು. ಪೂಜೆಯ ಮಣೆ ಎಳೆದುಕೊಳ್ಳುತ್ತ, "ಅದಿರ್ಲಿ ಬುಡು, ನೀನೂ ಸ್ನಾನ ಮಾಡು. ಮೆಣಸು ಚೆನ್ನಾಗಿ ಕುಟ್ಟಿದ್ದೆ" ಎಂದರು.

ಅಂಕಮ್ಮ ಆಸ್ಪತ್ರೆಯಿಂದ ಬಂದು, ಕೋಲೂರಿಕೊಂಡು ಒಲೆಯ ಮುಂದೆ ಕೂರುವಷ್ಟಾದದ್ದು ಬೇಸಿಗೆಗೆ. ಮಗಳು ಆ ಹೊತ್ತಿಗೆ ಕೂಸಿನೊಂದಿಗೆ ಗಂಡನ ಮನೆ ಸೇರಿದ್ದಳು. ಮೊದಲ ಭಾನುವಾರವೇ ಗೋಡೆ ದಾಟಿ ಮಸಾಲೆಯ ಘಾಟು ಬಂತು. ಸರ್ವಮಂಗಳಮ್ಮ ಮೂಗರಳಿಸಿ, "ಇವತ್ತು ಕಾಯಿ ಹಾಕವಳೆ" ಎಂದು ಗೊಣಗಿ, ಎದ್ದು ಹೋಗಿ ಕಿಟಕಿಯನ್ನು ಧಡಾರನೆ ಮುಚ್ಚಿದರು. ಗೋಡೆಯಾಚೆಯಿಂದ ಅಂಕಮ್ಮ ನಗುವುದು ಕೇಳಿಸಿತು. ಆ ನಗು ಮೊದಲಿನಿಂದಲೂ ಅಲ್ಲಿ ಇದ್ದಿತೋ, ತಾನೇ ಕೇಳಿಸಿಕೊಂಡಿರಲಿಲ್ಲವೋ, ಗಾನವಿಗೆ ತಿಳಿಯಲಿಲ್ಲ.

ಇಂಥವರು ನಮ್ಮ ಊರುಗಳಲ್ಲಿ ಅಲ್ಲಲ್ಲಿ ಇರುತ್ತಾರೆ. ನೋಡಿದರೆ ಗಡಸು, ಮಾತಾಡಿದರೆ ಒರಟು, ಎಲ್ಲರೂ ಒಂದೇ ಎಂಬ ಮಾತು ಅವರ ಬಾಯಲ್ಲಿ ಬರುವುದೇ ಇಲ್ಲ. ಬೇರೆಯಾದದ್ದು ಬೇರೆಯೆಂದೇ ಅವರಿಗೆ ಕಾಣುತ್ತದೆ. ಎಷ್ಟೋ ಸಲ ಹಿಡಿಸುವುದೂ ಇಲ್ಲ. ಹಿಡಿಸದಿದ್ದಾಗ ಅವರು ಬಸ್ಸಿನಿಂದ ತಾವು ಇಳಿಯುತ್ತಾರೆ, ಕಿಟಕಿಯನ್ನು ತಮ್ಮ ಕಡೆಯಿಂದ ಮುಚ್ಚಿಕೊಳ್ಳುತ್ತಾರೆ. ಆಚೆಯವರ ಒಲೆ ಆರಿತೆಂದು ತಿಳಿದ ದಿನ ಮಾತ್ರ, ಅದೇ ಮೂಗನ್ನು ಮುಚ್ಚಿಕೊಂಡು, ಬೀದಿಯ ನಡುವೆ ನಡೆದುಬಂದು, ಅದನ್ನು ಹೊತ್ತಿಸಿ ಹೋಗುತ್ತಾರೆ.